ಮೀನ ಎಣಿಸಿದ ಎಂಟು ದಿನ

ನಾನು ಇಂಟರ್‌ನೆಟ್ಟಿನಲ್ಲಿ ಕೊಂಡ ಮೊಟ್ಟಮೊದಲ ವಸ್ತು ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಮೋಸ ಹೋದೆನೆಂದು ತಿಳಿಯಬೇಡಿ. ಮಾರಿದವರು ಹೇಳಿದ್ದನ್ನೇ ಕಳಿಸಿದ್ದರು, ನಾನೂ ತಿಳಿದೇ ತರಿಸಿದ್ದೆ. ಆದರೆ ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರು ಥರ್ಮೋಕೋಲಿನ ಪೆಟ್ಟಿಗೆಯ ಮುಚ್ಚಳ ಸರಿಸಿ, ಒಳಗಿನ ಪ್ಲಾಸ್ಟಿಕ್ ಚೀಲವನ್ನು ಬಿಸಿಲಿಗೆ ಹಿಡಿದು, "ಸರ, ಇದರಾಗ ಬರೇ ನೀರ ಐತಲ್ರಿ!" ಎಂದಾಗ ಸುತ್ತ ನಿಂತವರೆಲ್ಲ ನನ್ನನ್ನೇ ನೋಡಿದರು. ವಾರಕ್ಕೊಮ್ಮೆ ನಳ ಬಂದರೆ ಹಬ್ಬ ಮಾಡುವ ಊರು ನಮ್ಮದು. ಭೂಗೋಳದ ಮಾಸ್ತರರು ಚೆನ್ನೈಯಿಂದ ನೀರು ತರಿಸಿದ್ದಾರೆ ಎಂಬ ಸುದ್ದಿ ನನಗಿಂತ ಮೊದಲೇ ನಮ್ಮ ಮನೆ ಮುಟ್ಟಿತ್ತು.

ಚೀಲದಲ್ಲಿ ಆರು ಮೀನುಗಳಿದ್ದವು. ಗಾಜಿನ ಬೆಕ್ಕುಮೀನು ಎಂದು ಅವುಗಳ ಹೆಸರು. ಬೆರಳುದ್ದದ ಮೈ, ಅದರೊಳಗಿಂದ ಆಚೆಯದೆಲ್ಲ ಕಾಣುತ್ತದೆ. ಬೆನ್ನುಮೂಳೆ ಒಂದು ಸಣ್ಣ ಬಾಚಣಿಕೆಯ ಹಾಗೆ ತೇಲುತ್ತದೆ, ಮುಂದೊಂದು ಜೊತೆ ಕಣ್ಣು, ಅದರ ಮುಂದೆ ಎರಡು ಮೀಸೆ. ಬೆಕ್ಕಿಗೂ ಇದಕ್ಕೂ ಇರುವ ನಂಟು ಆ ಮೀಸೆಯೊಂದೇ. ಕದಿಯುವವನ ಹೆಸರನ್ನೂ ಕಳುವಾಗುವ ಮಾಲಿನ ಹೆಸರನ್ನೂ ಸೇರಿಸಿ ಒಂದೇ ಪ್ರಾಣಿಗೆ ಇಟ್ಟ ಪುಣ್ಯಾತ್ಮ ಯಾರೋ ನನಗೆ ತಿಳಿಯದು. ನಮ್ಮಲ್ಲಿ ಗಂಡಸರು ಮೀಸೆಯನ್ನು ತಿರುವಲಿಕ್ಕೆ ಬಿಟ್ಟರೆ, ಈ ಜಾತಿಯ ಮೀನುಗಳು ಅದರಿಂದ ರುಚಿ ನೋಡುತ್ತವಂತೆ. ಇದನ್ನು ಓದಿದ ದಿನ ನನಗೆ ನನ್ನ ಮೀಸೆಯ ಬಗ್ಗೆ ಸ್ವಲ್ಪ ನಾಚಿಕೆಯೇ ಆಯಿತು. ಚಹಾದಲ್ಲಿ ಅದ್ದಿಕೊಳ್ಳುವುದರ ಹೊರತು ಅದು ಬೇರೆ ಕೆಲಸ ಮಾಡಿದ್ದು ನನಗೆ ನೆನಪಿಲ್ಲ.

ಇದೆಲ್ಲ ಶುರುವಾದದ್ದು ಒಂದು ಗಾಜಿನ ತೊಟ್ಟಿಯಿಂದ. ಎರಡು ಸಾವಿರದ ಏಳೋ ಎಂಟೋ ಇರಬೇಕು. ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಸಾಮಾನು ಹೆಚ್ಚಾಯಿತೆಂದು ತಮ್ಮ ಖಾಲಿ ಮೀನಿನ ತೊಟ್ಟಿಯನ್ನು ನನ್ನ ತಲೆಗೆ ಕಟ್ಟಿದರು. ಅವ್ವ ಅದರಲ್ಲಿ ಉಳ್ಳಾಗಡ್ಡಿ ತುಂಬಿದಳು. ಒಂದು ವರ್ಷ ನಮ್ಮ ಪಡಸಾಲೆಗೆ ಬಂದವರೆಲ್ಲ ಗಾಜಿನೊಳಗಿನ ಉಳ್ಳಾಗಡ್ಡಿಯ ಸೊಬಗು ನೋಡಿ ಹೋದರು. ನನಗೆ ಮಾತ್ರ ಆ ತೊಟ್ಟಿಯನ್ನು ಕಂಡಾಗಲೆಲ್ಲ ಅದರೊಳಗೆ ಏನಾದರೂ ಈಜಬೇಕು ಅನ್ನಿಸುತ್ತಿತ್ತು.

ಬಸ್‌ಸ್ಟ್ಯಾಂಡಿನ ಎದುರು ಮಕ್ಬೂಲ್ ಸಾಬರ ಗಡಿಯಾರ ರಿಪೇರಿ ಅಂಗಡಿಯಿತ್ತು. ಆಗಷ್ಟೇ ಅದರ ಹಿಂಭಾಗದಲ್ಲಿ ಎರಡು ಕಂಪ್ಯೂಟರು ಇಟ್ಟು ಇಂಟರ್‌ನೆಟ್ ಬೋರ್ಡು ಹಾಕಿದ್ದರು. ನಾನು ಮೂರು ತಿಂಗಳು ಶನಿವಾರ ತಪ್ಪದೆ ಅಲ್ಲಿ ಕೂತು ಮೀನುಗಳ ವಿಷಯ ಓದಿದೆ. ಮೀನಮೇಷ ಎಣಿಸುವುದು ನನ್ನ ಹುಟ್ಟುಗುಣ. ಕೊಳ್ಳಲೋ ಬೇಡವೋ, ಯಾವುದನ್ನು ಕೊಳ್ಳಲಿ ಎಂದು ನಾನು ತೂಗಾಡುತ್ತಿದ್ದರೆ ಸಾಬರು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆದು ಒಮ್ಮೆ ಪರದೆಯನ್ನು ಇಣುಕಿದರು.

"ಮೀಸಿ ಮೀನ ಏನ್ರಿ ಸರ? ನಮ್ಮ ಮಾವನ ಮನಿ ಕೊಣ್ಣೂರ ರೀ. ಹೊಳಿ ದಂಡಿಗೆ ಹೋಗಿ ನಿಂತ್ರ ಮೊಳ ಉದ್ದದ್ದು ಸಿಗ್ತಾವು. ನೀವು ಬೆರಳ ಉದ್ದದ್ದನ್ನ ಚೆನ್ನೈದಿಂದ ತರಸಾಕ ಹತ್ತೀರಲ್ಲ!"

"ಅವು ತಿನ್ನೋವು, ಇವು ನೋಡೋವು" ಎಂದೆ.

ಸಾಬರು ಪರದೆಯ ಮೇಲಿನ ಚಿತ್ರವನ್ನು ಮತ್ತೊಮ್ಮೆ ಇಣುಕಿ, "ನೋಡಾಕ ಏನೈತ್ರಿ ಇದರಾಗ?" ಎಂದರು. ಕೊಂಡು ನೋಡಿದರೆ ಉತ್ತರ ಸಿಕ್ಕೀತೆಂದು ಸೋಮವಾರವೇ ಬ್ಯಾಂಕಿಗೆ ಹೋಗಿ ಡಿಮಾಂಡ್ ಡ್ರಾಫ್ಟು ತೆಗೆಸಿ ಕಳಿಸಿದೆ.

ಮನೆಯಲ್ಲಿ ಹೇಳುವುದೊಂದು ಬಾಕಿ ಇತ್ತು. ಮೊಟ್ಟೆಯ ಚಿತ್ರವಿದ್ದ ಕ್ಯಾಲೆಂಡರನ್ನೇ ಅವ್ವ ಒಮ್ಮೆ ಗೋಡೆಯಿಂದ ಇಳಿಸಿದ್ದಳು. ಮೀನು ಎಂಬ ಶಬ್ದ ಅವಳ ಬಾಯಲ್ಲಿ ಬರುತ್ತಿದ್ದುದು ಪಂಚಾಂಗ ಓದಿಸುವಾಗ, ಅದೂ ರಾಶಿಯ ಹೆಸರಾಗಿ ಮಾತ್ರ. ನಾನು ಸುತ್ತಿ ಬಳಸಿ ವಿಷಯ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ಅವು ಎಷ್ಟ ಬರ್ತಾವ?"

"ಆರು."

"ಜೀವ ಅಂದ್ರ ಉಳ್ಳಾಗಡ್ಡಿ ಅಲ್ಲಪಾ, ಕೆಟ್ಟದ್ದ ಒಗದು ಉಳದದ್ದ ಇಟಗೊಳ್ಳಾಕ. ತಂದಿ ಅಂದ್ರ ಉಳಸಬೇಕು. ಎಂಟ ದಿನಾ ನೋಡ್ತೀನಿ. ಆರೂ ಇದ್ರ ಇರ್ಲಿ. ಒಂದರ ಸತ್ತರ ಉಳದದ್ದನ್ನ ಸಾಕವರಿಗೆ ಕೊಟ್ಟು ಬಾ. ಈ ಮನ್ಯಾಗ ಆ ಪಾಪ ಬ್ಯಾಡ."

ಅವಳ ಮಾತಿಗೆ ಎರಡನೆಯ ಮಾತಿರಲಿಲ್ಲ. ಲೆಕ್ಕಕ್ಕಂತೂ ಇಲ್ಲವೇ ಇಲ್ಲ. ಒಣಗಿಸಿ ಬುಟ್ಟಿಯಲ್ಲಿ ಪೇರಿಸಿಟ್ಟ ಕಟಿರೊಟ್ಟಿಯಲ್ಲಿ ಒಂದನ್ನು ಎತ್ತಿದರೆ ದೂರದಿಂದಲೇ ನೋಡಿ ಹೇಳುವ ಹೆಂಗಸು ಅವಳು.

ಪೆಟ್ಟಿಗೆಯ ಜೊತೆ ಒಂದು ಇಂಗ್ಲಿಷ್ ಚೀಟಿಯೂ ಬಂದಿತ್ತು. ಪ್ರಯಾಣ ಮಾಡಿಬಂದ ಮೀನನ್ನು ಒಮ್ಮೆಲೇ ಹೊಸ ನೀರಿಗೆ ಬಿಡಬಾರದು. ಮೊದಲು ಚೀಲವನ್ನು ಕಟ್ಟಿದ ಹಾಗೆಯೇ ತೊಟ್ಟಿಯಲ್ಲಿ ತೇಲಿಬಿಟ್ಟು ಒಳಗಿನ ಹೊರಗಿನ ನೀರಿನ ಬಿಸುಪು ಒಂದಾಗಿಸಬೇಕು. ಆಮೇಲೆ ಮೀನನ್ನು ಅದರ ನೀರಿನ ಸಮೇತ ಪಾತ್ರೆಗೆ ಸುರಿದು, ತೊಟ್ಟಿಯ ನೀರನ್ನು ಅದಕ್ಕೆ ಹನಿಹನಿಯಾಗಿ ಬೆರೆಸುತ್ತ ಹೋಗಬೇಕು. ಎರಡು ಮೂರು ತಾಸು ಇದನ್ನೇ ಮಾಡಬೇಕು. ಓದುತ್ತ ಹೋದಂತೆ ಇದಾವುದೂ ಹೊಸದಲ್ಲ ಎನ್ನಿಸಿತು. ನಮ್ಮ ಕಡೆ ಹೊಸಬರು ಬಂದು ಸೊರಗಿದರೆ ಡಾಕ್ಟರಿಗಿಂತ ಮೊದಲು ನೆರೆಯವರು ಹೇಳುವುದು "ಇಲ್ಲೀ ನೀರ ಒಗ್ಗಿಲ್ಲ" ಎಂದೇ. ನರಗುಂದದ ಬೋರಿನ ಸವಳು ನೀರನ್ನು ಒಮ್ಮೆ ಕುಡಿದವರು ಈ ಮಾತನ್ನು ಖಂಡಿತ ಒಪ್ಪುತ್ತಾರೆ. ಮನುಷ್ಯ ನೀರನ್ನು ಒಳಗೆ ಹಾಕಿಕೊಂಡೇ ಇಷ್ಟು ಒದ್ದಾಡುವಾಗ, ನೀರೊಳಗೇ ಇರಬೇಕಾದವರ ಪಾಡೇನು ಎಂದು ಯೋಚಿಸಿ ನನಗೆ ಹೆದರಿಕೆಯಾಯಿತು. ತೊಟ್ಟಿಗೆ ನಳದ ನೀರನ್ನೇ ತುಂಬಿ ಮೂರು ದಿನ ಬಿಟ್ಟಿದ್ದೆ. ಆದರೂ ಚೆನ್ನೈಯ ನೀರು ಬೇರೆ, ನಮ್ಮ ನಳಕ್ಕೆ ಬರುವ ಮಲಪ್ರಭೆಯ ನೀರು ಬೇರೆ.

ಹನಿಹನಿಯಾಗಿ ಬೀಳಿಸಲು ಚೀಟಿಯವರು ಹೇಳಿದ ಸಣ್ಣ ತಿರುಪಿನ ನಳಿಕೆ ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ದವಾಖಾನೆಗೆ ಹೋಗಿ ಸಲೈನಿನ ನಳಿಕೆ ಕೇಳಿದರೆ ಕಂಪೌಂಡರು ಪೇಶಂಟ್ ಯಾರೆಂದು ಕೇಳಿದ. ಮೀನೆಂದು ಹೇಳಲು ಬಾಯಿ ಬರದೆ ವಾಪಸು ಬಂದೆ. ನನ್ನ ಹೆಂಡತಿ ಪದ್ಮಾ ಗಜೇಂದ್ರಗಡದ ನೇಕಾರರ ಮನೆಯವಳು. ನನ್ನ ಚಡಪಡಿಕೆ ನೋಡಲಾರದೆ ಟ್ರಂಕಿನಿಂದ ತವರಿನ ಹತ್ತಿನೂಲಿನ ಲಡಿ ತೆಗೆದಳು. ತೊಟ್ಟಿಯ ನೀರು ತುಂಬಿದ ತಂಬಿಗೆಯನ್ನು ಸ್ಟೂಲಿನ ಮೇಲಿಟ್ಟಳು. ನೂಲನ್ನು ನೆನೆಸಿ ಒಂದು ತುದಿ ತಂಬಿಗೆಯೊಳಗೆ, ಇನ್ನೊಂದು ತುದಿ ಕೆಳಗಿನ ಮೀನಿನ ಬೋಗುಣಿಯ ಮೇಲೆ ಇಳಿಬಿಟ್ಟಳು. ನೀರು ತಾನಾಗಿ ನೂಲನ್ನು ಹತ್ತಿ, ಅಂಚು ದಾಟಿ, ಇಳಿದು ತೊಟಕ್ ಎಂದಿತು.

"ಮಗ್ಗದ ಮನ್ಯಾಗ ನೆನದ ಲಡಿ ಕೊಡದ ಬಾಯಿ ಮ್ಯಾಲ ಬಿಟ್ರ ಕೊಡಾನ ಖಾಲಿ ಆಗ್ತಿತ್ತು. ನಮ್ಮವ್ವನ ಕಡಿಂದ ಬೈಸಿಕೊಂಡು ಕಲ್ತದ್ದಿದು" ಎಂದಳು. "ಲಗೂ ಬೇಕಂದ್ರ ಎಳಿ ಹೆಚ್ಚ ಮಾಡ್ರಿ, ತಡಾ ಬೇಕಂದ್ರ ಕಡಿಮಿ ಮಾಡ್ರಿ."

ಇಪ್ಪತ್ತು ವರ್ಷ ಮಕ್ಕಳಿಗೆ ಭೂಮಿಯೊಳಗಿನ ನೀರು ಬೇರಿನಿಂದ ಮೇಲೇರುವ ಬಗೆ ಕಲಿಸಿದ ನಾನು ಬಾಯಿ ತೆರೆದು ನಿಂತಿದ್ದೆ. ಹನಿಯ ಸದ್ದಿಗೆ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಹನಿ ಬೀಳುವುದನ್ನು ನಿಂತು ನೋಡಿದಳು, ಆಮೇಲೆ ಚಾಪೆ ಎಳೆದುಕೊಂಡು ಕೂತು ನೋಡಿದಳು. "ಅಭಿಷೇಕ ನಡಸೀರಲ್ಲ" ಎಂದು ಮೊದಲು ನಕ್ಕಳು. ತಾಸಾದ ಮೇಲೆ ನಾನು ಬೇಸತ್ತು ಎರಡೆಳೆ ಹೆಚ್ಚಿಗೆ ಹಾಕಹೋದರೆ ಕೈ ಹಿಡಿದಳು.

"ದೂರದಿಂದ ಬಂದಾವ. ಗಡಬಡಿ ಮಾಡಬ್ಯಾಡ."

ಮೀನುಗಳು ತೊಟ್ಟಿ ಸೇರಿದವು. ಸೇರಿದ ಕೂಡಲೇ ಕಾಣದಾದವು. ಮರುದಿನದಿಂದ ನನ್ನ ಕೆಲಸ ಎಣಿಕೆ. ಗಾಜಿನೊಳಗಿನ ಗಾಜನ್ನು ಎಣಿಸುವ ಕಷ್ಟ ಎಣಿಸಿದವನಿಗೇ ಗೊತ್ತು. ಅವು ಒಂದೇ ದಿಕ್ಕಿಗೆ ಮುಖ ಮಾಡಿ ಒಂದರ ಹಿಂದೊಂದು ನಿಲ್ಲುತ್ತವೆ. ಮೂರು ಇದ್ದಲ್ಲಿ ಒಂದು ಕಾಣುತ್ತದೆ, ಒಂದು ಅಲುಗಿದರೆ ನಾಲ್ಕಾಗುತ್ತದೆ. ಮೈ ಬಿಟ್ಟು ಕಣ್ಣನ್ನು ಮಾತ್ರ ಎಣಿಸಿ ಎರಡರಿಂದ ಭಾಗಿಸುವ ಉಪಾಯ ಹೂಡಿದೆ. ಒಂದು ದಿನ ಐದೂವರೆ ಮೀನು ಬಂತು. ಆದರೂ ಹೇಗೋ ನಾಲ್ಕು ದಿನ ಆರಕ್ಕೆ ಆರು ಸರಿಯಾಗಿತ್ತು.

ಐದನೆಯ ದಿನ ಬೆಳಿಗ್ಗೆ ಐದೇ ಇದ್ದವು. ಚಹಾ ಕುಡಿದು ಬಂದು ಎಣಿಸಿದೆ, ಐದು. ಪದ್ಮಾಳನ್ನು ಪಿಸುದನಿಯಲ್ಲಿ ಕರೆದು ಎಣಿಸಲು ಹೇಳಿದರೆ ಅವಳಿಗೂ ಐದು. ಚೀಟಿಯಲ್ಲಿ ಒಂದು ವಿಚಿತ್ರ ಮಾತಿತ್ತು: ಈ ಮೀನು ಬದುಕಿದ್ದಾಗ ಕಾಣುವುದಿಲ್ಲ, ಸತ್ತರೆ ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗಾದರೆ ಸತ್ತಿದ್ದರೆ ಕಾಣಬೇಕಿತ್ತು, ಕಾಣುತ್ತಿಲ್ಲವಾದ್ದರಿಂದ ಬದುಕಿದೆ. ಈ ತರ್ಕ ಚೆನ್ನಾಗಿಯೇ ಇತ್ತು, ಆದರೆ ನನಗೆ ಸಮಾಧಾನವಾಗಲಿಲ್ಲ. ಹಾರಿ ಹೊರಗೆ ಬಿತ್ತೇನೋ ಎಂದು ಕಪಾಟಿನ ಹಿಂದೆ, ಮಂಚದ ಕೆಳಗೆ ಬ್ಯಾಟರಿ ಹಾಕಿ ಹುಡುಕಿದೆ. ತೊಟ್ಟಿಯ ಒಂದೊಂದು ಕಲ್ಲನ್ನೂ ಎತ್ತಿ ನೋಡಿದೆ. ಎಲ್ಲೂ ಇರಲಿಲ್ಲ.

ನನಗೆ ನಿಜವಾಗಿಯೂ ದುಃಖವಾಯಿತು. ಉಳಿದ ಐದನ್ನು ಯಾರಿಗೆ ಕೊಡಲಿ? ಸಾಬರ ಅಂಗಡಿಯ ಗಡಿಯಾರಗಳ ನಡುವೆ ಅವು ಬಾಳಿಯಾವೇ? ಅವ್ವ ದಿನವೂ "ಹ್ಯಾಂಗ ಅದಾವ?" ಎಂದು ಕೇಳುತ್ತಿದ್ದಳು. "ಚಲೋ ಅದಾವ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಶಾಲೆಗೆ ಓಡುತ್ತಿದ್ದೆ. ಚಲೋ ಇದ್ದವುಗಳನ್ನು ಕುರಿತೇ ಹೇಳಿದ್ದೆನಾದ್ದರಿಂದ ಅದು ಸುಳ್ಳಲ್ಲ. ಹಾಗೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತಿತ್ತು.

ಎಂಟನೆಯ ದಿನ ಭಾನುವಾರ. ಅವ್ವ ಪೂಜೆ ಮುಗಿಸಿ, ಸೆರಗಿನಿಂದ ಚಾಳೀಸಿನ ಕನ್ನಡಕ ಒರೆಸಿ ಹಾಕಿಕೊಂಡು ತೊಟ್ಟಿಯ ಮುಂದೆ ಕೂತಳು. ನಾನೂ ಪದ್ಮಾಳೂ ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ ಹಿಂದೆ ನಿಂತೆವು. ಅವಳು ಗಾಜಿಗೆ ಬೆರಳು ಮುಟ್ಟಿಸಿ ಎಣಿಸತೊಡಗಿದಳು. ಒಂದು, ಎರಡು, ಮೂರು. ನೀರುಗಿಡದ ಮರೆಯದು ನಾಲ್ಕು, ಮೂಲೆಯದು ಐದು. ಅಲ್ಲಿಗೆ ಬೆರಳು ನಿಂತಿತು. ನಾನು ತಪ್ಪೊಪ್ಪಿಕೊಳ್ಳಲು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಬೆರಳು ಏನೂ ಇಲ್ಲದ ನೀರಿನ ಕಡೆ ಸರಿಯಿತು.

"ಆರು" ಎಂದಳು ಅವ್ವ. "ಆರೂ ಅದಾವ. ಇರ್ಲಿ ಬಿಡು."

ಮೊಣಕಾಲಿಗೆ ಕೈಕೊಟ್ಟು ಎದ್ದು, ಹಿಟ್ಟು ನಾದಲು ಒಳಗೆ ಹೋದಳು.

ನಾನು ಮತ್ತೆ ಎಣಿಸಿದೆ. ಐದೇ. ವಯಸ್ಸಾಯಿತು, ಅವ್ವನ ಕಣ್ಣು ಮಂಜಾಗಿದೆ ಎಂದುಕೊಂಡೆ. ಮಧ್ಯಾಹ್ನ ತೊಟ್ಟಿಯ ಒಂದಿಷ್ಟು ಹಳೆಯ ನೀರನ್ನು ಕೊಡಕ್ಕೆ ಬಸಿದು ಗಿಡಕ್ಕೆ ಹಾಕಲು ಹಿತ್ತಲಿಗೆ ಹೋದೆ. ಕರಿಬೇವಿನ ಬುಡದಲ್ಲಿ ಅಂಗೈಯಷ್ಟು ಜಾಗದ ಮಣ್ಣು ಕೈಯಿಂದ ತಟ್ಟಿ ಸಮ ಮಾಡಿದ್ದು ಕಂಡಿತು. ಅದರ ಮೇಲೆ ಚಿಟಿಕೆ ವಿಭೂತಿ, ಮೂರು ದಿನದ ಹಿಂದಿನದಿರಬೇಕು, ಒಣಗಿದ ಒಂದು ಕಣಗಿಲ ಹೂವು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಅವ್ವ. ನಾನು ಕೊಡವನ್ನು ಎತ್ತಿಕೊಂಡು ನೀರನ್ನು ಆಚೆಯ ಬಾಳೆಗೆ ಹಾಕಿ ಬಂದೆ.

ಈ ವಿಷಯವನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗಲೂ ಮನೆಗೆ ಬಂದವರು ತೊಟ್ಟಿಗೆ ಮೂಗು ಹಚ್ಚಿ "ಎಷ್ಟ ಅದಾವ್ರಿ?" ಎಂದರೆ, ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ "ಆರು" ಎಂದು ಉತ್ತರ ಬರುತ್ತದೆ. ಬಂದವರು ಎಣಿಸುತ್ತಾರೆ, ಐದಕ್ಕೆ ನಿಲ್ಲುತ್ತಾರೆ, ಕಣ್ಣುಜ್ಜಿಕೊಂಡು ಮತ್ತೆ ಹುಡುಕುತ್ತಾರೆ. ಕೊನೆಗೆ ಗಾಜಿನ ಮೀನಲ್ಲವೇ, ಎಲ್ಲೋ ಇದ್ದೀತು ಎಂದು ಒಪ್ಪಿಕೊಂಡು ಚಹಾ ಕುಡಿಯಲು ಕೂರುತ್ತಾರೆ. ನಾನೂ ಹಾಗೆಯೇ ಒಪ್ಪಿಕೊಂಡಿದ್ದೇನೆ.