ಹೊನ್ನಾವರದ ಆಚೆಗಿನ ಆಟ

ಭಟ್ಕಳದ ವಿನೋದ ಇಪ್ಪತ್ತಾರು ವರ್ಷ ತುಂಬುವ ತನಕ ತನಗೆ ಇಂಥದ್ದು ಬೇಕೆಂದು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿದವನಲ್ಲ. ಚಾ ಕೊಡಲೋ ಕಾಫಿ ಕೊಡಲೋ ಎಂದು ಕೇಳಿದರೆ “ನಿಮ್ಗೆ ಹ್ಯಾಂಗೆ ಅನುಕೂಲವೋ ಹಾಂಗೆ” ಎನ್ನುತ್ತಿದ್ದ. ಕ್ಷೌರದಂಗಡಿಯಲ್ಲಿಯೂ ಇದೇ ಮಾತು ಹೇಳಿ, ಕೂದಲು ಮತ್ತೆ ಬೆಳೆಯುವ ತನಕ ಟೋಪಿಯೊಳಗೆ ತಲೆ ಅಡಗಿಸಿಕೊಂಡು ತಿರುಗಿದ್ದ. ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಟ್ಟುಕೊಡುವುದು ಒಳ್ಳೆಯ ಗುಣ, ಸರಿ. ಗಟ್ಟಿಮುಟ್ಟಾದ ಕಾಲೇಜು ಹುಡುಗರಿಗೂ ಎದ್ದು ಜಾಗ ಕೊಡುವವನಿಗೆ ಏನು ಹೇಳುವುದು? ಅವನ ಬಾಲ್ಯದ ಗೆಳೆಯ ಅಜಯ ಅವನನ್ನು ‘ಧರ್ಮಛತ್ರ’ ಎಂದೇ ಕರೆಯುತ್ತಿದ್ದ.

ಇಂಥವನು ಮೀನು ಮಾರುವ ಬೆಳ್ಳಿಯ ಹೊಟ್ಟೆಯಲ್ಲಿ ಹುಟ್ಟಿದ್ದು ಹೇಗೆ ಎಂಬುದು ಮೀನುಪೇಟೆಗೆ ಬಗೆಹರಿಯದ ಒಗಟು. ಬೆಳ್ಳಿಯ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಚೌಕಾಸಿ ಮಾಡಿ ಗೆದ್ದು ಎದ್ದವರಿಲ್ಲ. ಕನ್ನಡದಲ್ಲಿ ಶುರುವಾದ ಮಾತು ಕೊಂಕಣಿಗೆ ಹೊರಳಿ, ಎದುರಿನವರು ನವಾಯತಿ ಆಡಿದರೆ ಅದರಲ್ಲೂ ನಾಲ್ಕು ಬಿಸಾಡಿ, ಕೊನೆಗೆ ಗಿರಾಕಿ ಬಂಗುಡೆಯ ಜೊತೆ ಬೇಡವಾಗಿದ್ದ ತಾರ್ಲೆಯನ್ನೂ ಹೊತ್ತುಕೊಂಡು ಹೋಗುತ್ತಿದ್ದ. ಅದೇ ಬೆಳ್ಳಿಯ ಮಗ ಸೊಪ್ಪು ತರಲು ಹೋದರೆ ಬಾಡಿದ ಕಟ್ಟನ್ನೇ ಆರಿಸಿ ತರುತ್ತಿದ್ದ. “ಪಾಪ, ಅದನ್ನ ಯಾರೂ ತಕಣ್ತಿರ್ಲಿಲ್ಲ” ಎಂಬುದು ಅವನ ಸಮಜಾಯಿಷಿ. ಅಪ್ಪ ಜಟ್ಟ ಬೋಟಿಗೆ ಹೋಗುವವನು. ಮನೆಯ ಮಾತನ್ನೆಲ್ಲ ಬೆಳ್ಳಿ ತಾನೇ ಇಟ್ಟುಕೊಂಡು, ಉಳಿದ ಮೌನವನ್ನು ಗಂಡನಿಗೂ ಮಗನಿಗೂ ಹಂಚಿಬಿಟ್ಟಿದ್ದಳು.

ವಿನೋದನಿಗೆ ಕೆಲಸ ಸಿಕ್ಕಿದ್ದು ಕುಮಟಾದ ಒಂದು ಬೈಕ್ ಶೋರೂಮಿನಲ್ಲಿ, ದೂರು ಕೇಳುವ ಕೌಂಟರಿನಲ್ಲಿ. ಬಂದವರು ಎಷ್ಟು ಬೈದರೂ “ನಿಮ್ ಮಾತು ಸರಿ ಅದೆ” ಎನ್ನುವ ಮನುಷ್ಯ ಸಿಕ್ಕಿದ್ದಕ್ಕೆ ಶೋರೂಮಿನವರು ಇಡಗುಂಜಿ ಗಣಪತಿಗೆ ಕಾಯಿ ಒಡೆಸಿರಬೇಕು. ಅಜಯನೂ ಕುಮಟಾದಲ್ಲೇ ಮೊಬೈಲ್ ರಿಪೇರಿ ಮಾಡುತ್ತಿದ್ದ. ಇಬ್ಬರೂ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದರೆ ಮುರ್ಡೇಶ್ವರದಲ್ಲಿ ಅರ್ಚನಾ ಹತ್ತುತ್ತಿದ್ದಳು. ಅವಳು ಹೊನ್ನಾವರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಹೊನ್ನಾವರದಲ್ಲೇ ಇಳಿಯಬೇಕು. ಸಂಜೆ ಅವಳಿಗೆ ಬೇಗ ಬಿಡುತ್ತಿದ್ದರಿಂದ ಬಸ್ಸಿಗೆ ವಾಪಸ್ಸು. ಹಾಗಾಗಿ ಮೂವರ ಗೆಳೆತನ ಏನಿದ್ದರೂ ಮುರ್ಡೇಶ್ವರದಿಂದ ಹೊನ್ನಾವರದ ತನಕ.

ಹೋದ ವರ್ಷ ಒಂದು ದಿನ, ಎದುರಿನ ಗಾಡಿ ಬರಲಿ ಎಂದು ರೈಲು ಮಂಕಿಯಲ್ಲಿ ನಿಂತದ್ದು ನಿಂತೇ ಇತ್ತು. ಅರ್ಚನಾಳ ಚೀಲದಲ್ಲಿ ಅಣ್ಣನ ಮಗನ ಹುಟ್ಟುಹಬ್ಬಕ್ಕೆಂದು ಕೊಂಡ ಮ್ಯಾಗ್ನೆಟ್ಟಿನ ಚೆಸ್ ಬೋರ್ಡಿತ್ತು. ಬೇಜಾರಿಗೆ ಅದನ್ನು ಬಿಚ್ಚಿದರು. ಕುದುರೆ ಹೇಗೆ ನಡೆಯುತ್ತದೆಂದು ಅಜಯ ಅರ್ಧ ಹೇಳಿದ, ಉಳಿದರ್ಧ ಮೊಬೈಲ್ ಹೇಳಿತು. ಆ ಹುಡುಗನಿಗೆ ಪಾಪ, ಒಂದು ಬಣ್ಣದ ಪೆಟ್ಟಿಗೆ ಸಿಕ್ಕಿತು. ಬೋರ್ಡು ರೈಲಿನ ಆಟಕ್ಕೇ ಉಳಿಯಿತು.

ತೊಂದರೆ ಎಂದರೆ ಹೊನ್ನಾವರ. ಆಟ ರಂಗೇರುವ ಹೊತ್ತಿಗೆ ಗಾಡಿ ಶರಾವತಿಯ ಸೇತುವೆ ಹತ್ತಿರುತ್ತಿತ್ತು, ಅರ್ಚನಾ ಚಪ್ಪಲಿ ಹುಡುಕುತ್ತಿದ್ದಳು. “ನನ್ ಕಡೆದೂ ನೀನೇ ಆಡಿ ಮುಗ್ಸು, ಎಂತ ಆತು ಹೇಳಿ ಮೆಸೇಜ್ ಮಾಡು” ಎಂದು ಇಳಿದುಹೋಗುತ್ತಿದ್ದಳು. ಅಂಥ ಕೆಲಸಕ್ಕೆ ವಿನೋದನಿಗಿಂತ ನಂಬಿಗಸ್ತ ಎಲ್ಲಿ ಸಿಗಬೇಕು? ಎಡಗೈ ತನ್ನದು, ಬಲಗೈ ಅರ್ಚನಾಳದು ಎಂದು ಮಾಡಿಕೊಂಡು ಕುಮಟಾ ಬರುವ ತನಕ ಒಬ್ಬನೇ ಎರಡೂ ಕಡೆ ಆಡುತ್ತಿದ್ದ.

ಮೊದಲನೆಯ ದಿನ ಎಡಗೈ ಗೆದ್ದಿತು, ನ್ಯಾಯವಾಗಿಯೇ. ‘ನಾನು ಗೆದ್ದೆ’ ಎಂದು ಟೈಪು ಮಾಡಿದ. ಆ ಬೆಳಿಗ್ಗೆ ಅರ್ಚನಾ, ಹಿಂದಿನ ದಿನ ಯಾರದೋ ರಕ್ತನಾಳ ಸಿಗದೆ ಎರಡೆರಡು ಸಲ ಚುಚ್ಚಿ ಬೈಸಿಕೊಂಡದ್ದನ್ನು ಹೇಳುತ್ತ ಕಣ್ಣು ತುಂಬಿಕೊಂಡಿದ್ದಳು. ಅದು ನೆನಪಾಯಿತು. ಬರೆದದ್ದನ್ನು ಅಳಿಸಿ ‘ನೀನು ಗೆದ್ದೆ’ ಎಂದು ಕಳಿಸಿದ. ಕೂಡಲೇ ಅತ್ತಲಿಂದ ಒಂದು ಸಾಲು ನಗುಮುಖಗಳು ಬಂದವು. ಆ ನಗುಮುಖಗಳಿಗೆ ವಿನೋದ ಎಷ್ಟು ಸೋತನೆಂದರೆ, ಮರುದಿನದಿಂದ ಬೋರ್ಡಿನ ಮೇಲೂ ಸೋಲತೊಡಗಿದ.

ಕಿಟಕಿಗೆ ತಲೆಯಿಟ್ಟು ನಿದ್ದೆ ಹೊಡೆಯುವ ಅಜಯ ಒಂದು ಕಣ್ಣಿನಲ್ಲಿ ಎಲ್ಲ ನೋಡುತ್ತಿದ್ದ. “ನಿನ್ನ ಎಡಗೈಗೆ ಹೊನ್ನಾವರ ದಾಟಿದ್ ಕೂಡ್ಲೆ ಲಕ್ವ ಹೊಡೀತದಲ, ಎಂತದಾ ಅದು?” ಎಂದು ಕೇಳುತ್ತಿದ್ದ. “ಅವ್ಳಿಗೆ ಖುಷಿ ಆಗ್ತದೆ ಮಾರಾಯ, ನಂಗೆಂತ ನಷ್ಟ?” ಎನ್ನುತ್ತಿದ್ದ ವಿನೋದ. ಅವನಿಗೆ ನಷ್ಟವೇನೂ ಆಗಲಿಲ್ಲ, ನಿಜ. ಅರ್ಚನಾ ರಾಣಿಯನ್ನೇ ಕಳೆದುಕೊಂಡು ಇಳಿದುಹೋದ ಆಟಗಳನ್ನೂ ಅವಳ ಪರವಾಗಿ ಗೆದ್ದು ಗೆದ್ದು ಅವನ ಬಲಗೈ ಭಯಂಕರ ಹುಷಾರಾಗಿಬಿಟ್ಟಿತ್ತು.

ಬೋರ್ಡಿಗೆ ವರ್ಷ ತುಂಬಿದ ದಿನ ಅರ್ಚನಾ ಮನೆಯಿಂದ ಬನ್ಸು ಮಾಡಿ ತಂದಳು. ರೈಲಿನಲ್ಲೇ ಸಭೆ. ವರ್ಷದಲ್ಲಿ ಯಾರು ಏನು ಕಲಿತಿರಿ, ಹೇಳಿ ಎಂದು ಅವಳದೇ ಅಧ್ಯಕ್ಷತೆ. ಕೂತಲ್ಲೇ ಗೊರಕೆ ಹೊಡೆಯದೆ ನಿದ್ದೆ ಮಾಡಲು ಕಲಿತೆ ಎಂದ ಅಜಯ. ವಿನೋದ “ನೀವ್ ಹೇಳಿದ್ದೇ ನಂದೂ” ಎಂದ.

“ನಾ ಹೇಳ್ತೆ ಕೇಳಿ” ಎಂದಳು ಅರ್ಚನಾ. “ಮೊದ್ಲು ಲ್ಯಾಬಿನ ಸಾಹೇಬ್ರು ಕರೆದ್ರೆ ನನ್ ಕೈ ನಡುಗ್ತಿತ್ತು. ದಿನಾ ಗೆದ್ದು ಗೆದ್ದು ನಂಗೂ ತಲೆ ಅದೆ ಹೇಳಿ ಗೊತ್ತಾತು. ಸ್ಕೂಟರ್ ಕಲ್ತೆ. ಆದಿತ್ಯವಾರ ರಜೆ ಬೇಕು ಹೇಳಿ ಕೇಳ್ದೆ, ಕೊಟ್ರು. ಈಗ ಕುಮ್ಟೆಲಿ ಚೆಸ್ ಟೂರ್ನಮೆಂಟ್ ಅದ್ಯಂತೆ, ನಾ ಹೆಸರು ಕೊಟ್ಟಾತು!”

ವಿನೋದ ಕಚ್ಚಿದ ಬನ್ಸನ್ನು ಮತ್ತೆ ಡಬ್ಬಿಯಲ್ಲಿಟ್ಟ. ಇವಳು ಗೆದ್ದದ್ದು ಒಂದೂ ಗೆಲುವಲ್ಲ ಎಂದು ಈಗಲೇ ಹೇಳಬೇಕು. ಹೇಳಿದರೆ ಈ ಮುಖ ಬಾಡುತ್ತದೆ, ನಾಳೆಯಿಂದ ತನ್ನ ಎದುರು ಬಂದು ಕೂರುವುದೂ ಇಲ್ಲ. ಹೇಳದಿದ್ದರೆ ಊರ ಮುಂದೆ ಸೋತು ಬಾಡುತ್ತದೆ. ಮಂಕಿ ದಾಟಲಿ, ಹೇಳುತ್ತೇನೆ ಎಂದುಕೊಂಡ. ಮಂಕಿ ದಾಟಿತು. ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆಗಳೆಲ್ಲ ಮುಗಿದು ಆದಿತ್ಯವಾರ ಬಂತು.

ಕುಮಟಾದ ಸಭಾಭವನದಲ್ಲಿ ಆಡಲು ಬಂದವರಲ್ಲಿ ಮುಕ್ಕಾಲುಪಾಲು ಮಕ್ಕಳು, ಅವರ ಹಿಂದೆ ನೀರಿನ ಬಾಟಲಿ ಹಿಡಿದ ತಾಯಂದಿರು. ವಿನೋದ ಹೆಸರು ಕೊಟ್ಟಿರಲಿಲ್ಲ, ಮೂವರ ಚೀಲ ಕಾಯುತ್ತೇನೆಂದು ಅಜಯನ ಜೊತೆ ಮೂಲೆಯಲ್ಲಿ ಕೂತಿದ್ದ. ಅರ್ಚನಾಳ ಎದುರಿಗೆ ಮುಂದಿನ ಎರಡು ಹಲ್ಲು ಬಿದ್ದ ದೀಕ್ಷಾ ಎಂಬ ಪುಟ್ಟಿ ಬಂದು ಕೂತಳು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕಾಲಾಡಿಸುತ್ತ ಆಡಿ, ಸ್ವಲ್ಪ ಹೊತ್ತಿಗೆ “ಆಂಟಿ, ಚೆಕ್‌ಮೇಟ್” ಎಂದಳು. ಆಮೇಲೆ ಬಂದವರೂ ಅದನ್ನೇ ಹೇಳಿದರು, ‘ಆಂಟಿ’ ಬಿಟ್ಟವರೇ ದಯಾವಂತರು.

ಹೊರಗೆ ಮೆಟ್ಟಿಲ ಮೇಲೆ ಅರ್ಚನಾ ಸಪ್ಪಗೆ ಕೂತಳು. “ಒಂದು ವರ್ಷ ಸೋಲದೇ ಇದ್ದವ್ಳು ಇವತ್ತು ಎಂತಕೆ ಹೀಂಗಾದೆ?” ಅಜಯನಿಗೆ ಸಂಕಟವಾಗಿ ನಾಲಗೆ ಜಾರಿತು. “ಹೊನ್ನಾವರ ದಾಟಿದ್ ಮೇಲೆ ನೀ ಆಡ್ತಿದ್ರೆ ಅಲ್ದ ಸೋಲೂದು!” ಅರ್ಚನಾ ತಲೆಯೆತ್ತಿ ವಿನೋದನನ್ನು ನೋಡಿದಳು. ಅವನು ಮೂರೂ ಚೀಲಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

“ಖರೇನಾ ಇದು?”

“ನಿಂಗೆ ಬೇಜಾರಾಗ್ತದೆ ಹೇಳಿ...”

“ಆಗ್ಲಿಯಾ! ನನ್ ಬೇಜಾರು ನಂದು. ನನ್ ಆಟ ನಂಗೆ ಸೋಲೂಕೂ ಬಿಡ್ಲಿಲ್ಲಲ ನೀನು! ಗೆದ್ದೆ ಹೇಳಿ ಊರೆಲ್ಲ ಹೇಳ್ಕಂಡು ಬಂದೆ. ಮೀನು ಹಾಕಿ ಬೆಕ್ಕು ಸಾಕ್ದಂಗೆ ಸಾಕಿದ್ಯಲ ನನ್ನ.”

ಅವಳು ತನ್ನ ಚೀಲ ಕಸಿದುಕೊಂಡಳು. ಟೂರ್ನಮೆಂಟಿನ ಅಭ್ಯಾಸಕ್ಕೆಂದು ಅವನಿಂದ ಇಸಿದುಕೊಂಡಿದ್ದ ಬೋರ್ಡು ಅದರೊಳಗಿತ್ತು.

ಮಾರನೆಯ ದಿನದಿಂದ ಅರ್ಚನಾ ಹಿಂದಿನ ಬೋಗಿ ಹತ್ತತೊಡಗಿದಳು. ವಿನೋದನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅದು ಬೇಡವಾಗಿತ್ತು. ಶೋರೂಮಿನಲ್ಲಿ ಒಬ್ಬ ಗಿರಾಕಿ ಬಾಯಿಗೆ ಬಂದಂತೆ ಬೈಯುವಾಗ ಅಭ್ಯಾಸಬಲದಿಂದ “ನಿಮ್ ಮಾತು ಸರಿ” ಎಂದವನು, ಆ ಮನುಷ್ಯ ಹೋದ ಮೇಲೂ ತಲೆಯಾಡಿಸುತ್ತಲೇ ಇದ್ದ. ಮನೆಯಲ್ಲಿ ಬಂಗುಡೆ ಸಾರು ಮುಟ್ಟಲಿಲ್ಲ. ತನ್ನ ಕೈಯ ಬಂಗುಡೆಗೆ ಆದ ಈ ಅವಮಾನವನ್ನು ಬೆಳ್ಳಿ ಸಹಿಸುವವಳೇ?

“ಎಂತ ಬೇಕಾ ನಿಂಗೆ?” ಎಂದು ಗದರಿದಳು.

“ಎಂತ ಇಲ್ಲ.”

“ಎಂತ ಇಲ್ದವ ಊಟ ಬಿಡೂದಿಲ್ಲ. ಬೇಕು ಅನ್ನೂದು ಬೈಗುಳ ಅಲ್ಲ ಮಗಾ. ನಾ ದಿನಾ ಪೇಟೆಲಿ ಕೂತು ಇಷ್ಟು ಬೇಕು, ಇಷ್ಟು ಬೇಕು ಹೇಳಿ ಕೂಗ್ತೆ. ಅವ್ರು ಆಗೂದಿಲ್ಲ ಅಂತ್ರು. ಅದ್ರಿಂದ ನಾ ಸತ್ತಿದ್ನ?”

ಜಟ್ಟ ಉಣ್ಣುವುದನ್ನು ನಿಲ್ಲಿಸಿ ಮಗನ ಮುಖ ನೋಡಿ, “ಹೌದು” ಎಂದ. ಅವನ ಬಾಯಲ್ಲಿ ಆ ವಾರ ಬಂದದ್ದು ಅದೊಂದೇ ಮಾತು.

ಮರುದಿನ ರೈಲು ಮಂಕಿಯಲ್ಲಿ ನಿಂತಿತು. ವಿನೋದ ಇಳಿದು ಹಿಂದಿನ ಬೋಗಿಗೆ ಓಡಿದ. ಅಜಯ ನಿದ್ದೆ ಬಿಟ್ಟು ಅವನ ಹಿಂದೆಯೇ ಓಡಿದ, ಇಂಥದ್ದನ್ನು ತಪ್ಪಿಸಿಕೊಳ್ಳುವಷ್ಟು ನಿದ್ದೆ ಅವನಿಗೆ ಎಂದೂ ಬಂದಿಲ್ಲ. ಅರ್ಚನಾಳ ಎದುರಿನ ಸೀಟಿನಲ್ಲಿ ಒಬ್ಬರು ತಿಂಡಿ ಕಟ್ಟು ಬಿಚ್ಚುತ್ತಿದ್ದರು. ವಿನೋದ ಹೋಗಿ, “ನಂಗೆ ಈ ಸೀಟು ಬೇಕಾಗಿತ್ತು” ಎಂದ. ಅಜಯ ಬಾಯಿ ಕಳೆದುಕೊಂಡು ನಿಂತ. ಅವರು ಸರಿದು ಕೂತರು.

“ತಪ್ಪಾತು” ಎಂದ ವಿನೋದ. “ನಂಗೆ ನಿನ್ ಸಂಗ್ತಿಗೆ ಆಡೂಕೆ ಬೇಕು.”

ಅರ್ಚನಾ ಕಿಟಕಿಯ ಹೊರಗೇ ನೋಡುತ್ತ ಕೇಳಿದಳು. “ಗೆಲ್ಲೂಕಾ, ಸೋಲೂಕಾ?”

“ಗೆಲ್ಲೂಕೆ.”

ಅವಳು ಚೀಲದಿಂದ ಬೋರ್ಡು ತೆಗೆದಳು. ಅಂದರೆ ಅಷ್ಟು ಸಿಟ್ಟಿನಲ್ಲೂ ಅದನ್ನು ದಿನಾ ಹೊತ್ತು ತರುತ್ತಿದ್ದಳು ಎಂದಾಯಿತು. ಇದು ಹೊಳೆದದ್ದು ಅಜಯನಿಗೆ, ವಿನೋದನಿಗಲ್ಲ. ಅವನು ಆಗಲೇ ಸಿಪಾಯಿ ಮುಂದಿಟ್ಟಾಗಿತ್ತು.

ಸೇತುವೆ ಬಂತು, ಹೊನ್ನಾವರ ಬಂತು. ವಿನೋದ ಅಭ್ಯಾಸದಂತೆ ಕಾಲು ಮಡಚಿ ದಾರಿ ಬಿಟ್ಟ. ಅರ್ಚನಾ ಏಳಲಿಲ್ಲ, ಲ್ಯಾಬಿಗೆ ಫೋನು ಹಚ್ಚಿದಳು. “ಇವತ್ತು ತಡ ಆಗ್ತದೆ ಸರ್. ಒಂದು ಕೆಲಸ ಅರ್ಧಕ್ಕೇ ಬಿಟ್ಟಿದ್ದೆ, ಮುಗ್ಸಿ ಬತ್ತೆ.” ಧ್ವನಿ ನಡುಗಲಿಲ್ಲ. ರೈಲು ಹೊರಟಿತು.

ಹೊನ್ನಾವರದ ಆಚೆ ಅರ್ಚನಾ ಆಡಿದ್ದು ಅದೇ ಮೊದಲು. ಚೆನ್ನಾಗಿಯೇ ಆಡಿದಳು, ಒಂದು ಒಂಟೆಯನ್ನು ಹೊಡೆದೂ ಹೊಡೆದಳು. ಆಮೇಲೆ ವಿನೋದನಿಗೆ ದಾರಿ ಕಂಡಿತು. ಆನೆಯನ್ನು ಕೊನೆಯ ಸಾಲಿಗಿಟ್ಟರೆ ಆಟ ಮುಗಿಯಿತು. ಕೈ ಮುಂದೆ ಹೋಗಿ ನಡುದಾರಿಯಲ್ಲಿ ನಿಂತಿತು. ಎದುರಿನ ಮುಖ ನೋಡಬಾರದಿತ್ತು, ನೋಡಿದ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಈಗ ಬಿಟ್ಟುಕೊಟ್ಟರೆ ಇವಳು ಇನ್ನೆಂದೂ ತನ್ನ ಎದುರು ಕೂರುವುದಿಲ್ಲ ಎಂದು ಅವನಿಗೆ ಖಂಡಿತವಾಗಿ ಗೊತ್ತಾಯಿತು. ಆನೆ ಇಟ್ಟ.

“ಚೆಕ್‌ಮೇಟ್.”

“ಆಂಟಿ ಅನ್ಲಿಲ್ಲ, ಪುಣ್ಯ” ಎಂದ ಅಜಯ.

ಅರ್ಚನಾ ಬೋರ್ಡನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. “ಹಾಂಗಾರೆ ಒಂದು ವರ್ಷದಲ್ಲಿ ನಾ ಎಷ್ಟು ಸೋತಿದ್ದೆ?”

“ಹೆಚ್ಚುಕಮ್ಮಿ ಎಲ್ಲಾ.”

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. “ಸ್ಕೂಟರ್ ಮಾತ್ರ ನಾನೇ ಕಲ್ತದ್ದು, ಅಲ್ದ?”

“ಹೌದು. ಆದಿತ್ಯವಾರದ ರಜೆ ಕೇಳಿದ್ದೂ ನೀನೇ. ನಂಗಾದ್ರೆ ಕೇಳೂಕಾಗ್ತಿರ್ಲಿಲ್ಲ” ಎಂದ ವಿನೋದ. ಅದು ಸುಳ್ಳಾಗಿರಲಿಲ್ಲವಾದ್ದರಿಂದ ಅವಳು ಒಪ್ಪಿಕೊಂಡಳು.

ಕುಮಟಾದಲ್ಲಿ ಇಳಿದು ಸ್ಟೇಷನ್ನಿನ ಹೊರಗಿನ ಅಂಗಡಿಗೆ ಹೋದರು. ಚಾ ಬೇಕೋ ಕಾಫಿಯೋ ಎಂದು ಅಂಗಡಿಯ ಪ್ರಕಾಶಣ್ಣ ಕೇಳಿದ್ದೇ ತಡ, ಅಜಯ ಗೆಳೆಯನ ದನಿ ಮಾಡಿ “ನಿಮ್ಗೆ ಹ್ಯಾಂಗೆ ಅನುಕೂಲವೋ...” ಎಂದು ಶುರು ಮಾಡಿದ.

“ಕಾಫಿ. ಸಕ್ಕರೆ ಕಮ್ಮಿ” ಎಂದ ವಿನೋದ.

ಇಷ್ಟು ವರ್ಷ ಎರಡೆರಡು ಚಮಚೆ ಸಕ್ಕರೆಯ ಚಾ ಕುಡಿಯುತ್ತಿದ್ದವನನ್ನು ಪ್ರಕಾಶಣ್ಣ ವಿಚಿತ್ರವಾಗಿ ನೋಡಿದ. ಅರ್ಚನಾ ಕುಡಿದು ಮುಗಿಸಿ, ವಾಪಸ್ಸು ಹೊನ್ನಾವರಕ್ಕೆ ಬಸ್ಸು ಹಿಡಿಯಲು ಹೊರಟಳು. ನಾಲ್ಕು ಹೆಜ್ಜೆ ಹೋಗಿದ್ದಳು, ಅಷ್ಟರಲ್ಲಿ ವಿನೋದ ಹಿಂದಿನಿಂದ ಕೂಗಿದ. ದನಿ ಪಕ್ಕಾ ಬೆಳ್ಳಿಯದೇ, ಅರ್ಧ ರಸ್ತೆಗೆ ಕೇಳಿತು.

“ಅರ್ಚನಾ! ಸಂಜೆ ಬಸ್ಸಿಗೆ ಹೋಗ್ಬೇಡ. ನಾ ಬರೂ ರೈಲು ಹೊನ್ನಾವರಕ್ಕೆ ಬರೂ ತನಕ ನಿಲ್ಲು.”

ರಿಕ್ಷಾದವರೆಲ್ಲ ತಿರುಗಿ ನೋಡಿದರು.

ಅರ್ಚನಾ ತಿರುಗಿ ನಿಂತಳು. “ಅದು ಬರೂದು ರಾಶಿ ತಡ ಅಲ್ದನಾ?”

“ಹೌದು” ಎಂದ ವಿನೋದ. “ಆದ್ರೂ ನಿಲ್ಬೇಕು.”

“ನಿಲ್ತೆ” ಎಂದಳು ಅವಳು.