ಕಂಚಿನಕ್ಕ ಹೈಪ್‌ನ ಅರ್ಥ ಕೇಳಿದ್ದು

ಕಂಚಿನಕ್ಕನ ಅಪ್ಪ ಬಟ್ಟೆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಮಗ್ಗಗಳ ಸದ್ದಿನ ನಡುವೆ ದುಡಿದು ಕಿವಿ ಕಳೆದುಕೊಂಡವನು. ಹಾಗಾಗಿ ಆ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದೇ ಇಲ್ಲ. ಉಪ್ಪು ಬೇಕೆಂದರೂ ಕೂಗಬೇಕು, ತಲೆನೋವು ಎಂದು ಹೇಳುವುದಕ್ಕೂ ಕೂಗಬೇಕು. ಇವರ ಮನೆಯಲ್ಲಿ ದಿನಬೆಳಗಾದರೆ ಜಗಳ ಎಂದೇ ಅಕ್ಕಪಕ್ಕದವರು ತಿಳಿದಿದ್ದರು. ತಂಗಿಯರಿಬ್ಬರ ಗಂಟಲು ಒಡೆದುಹೋಯಿತು. ಹಿರಿಯಳಾದ ಇವಳದ್ದು ಮಾತ್ರ ಕೂಗಿದಷ್ಟೂ ಕಳೆಗಟ್ಟುತ್ತಾ ಹೋಯಿತು.

ಹತ್ತೊಂಬತ್ತಕ್ಕೆ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವ ಕೆಲಸ ಸಿಕ್ಕಿತು. ಮೈಕು ಕೆಟ್ಟ ದಿನವೂ ಯಾರೂ ಬಸ್ಸು ತಪ್ಪಿಸಿಕೊಳ್ಳುತ್ತಿರಲಿಲ್ಲ. ಕಂಚಿನ ಕಂಠ ಎಂದರು ಯಾರೋ. ಅದೇ ಕಂಚಿನಕ್ಕ ಎಂದಾಗಿ, ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಿಗಷ್ಟೇ ಉಳಿಯಿತು.

ಅಲ್ಲಿಂದ ಅವಳನ್ನು ಅಂಗಡಿ ಬೀದಿಗೆ ಕರೆತಂದವನು ಚಪ್ಪಲಿ ಅಂಗಡಿಯ ಯಜಮಾನ. ಬಾಗಿಲಲ್ಲಿ ನಿಂತು ಹೋಗಿಬರುವವರನ್ನು ಒಳಗೆ ಕರೆಯುವುದು ಕೆಲಸ. ಮೊದಲ ದಿನ ಅವಳು ಬಾಯಿ ತೆರೆಯುವ ಮುಂಚೆ ಒಂದು ಜೊತೆ ಚಪ್ಪಲಿ ಮೆಟ್ಟಿಕೊಂಡು ಬೀದಿಯ ಆ ತುದಿಗೆ ಹೋಗಿ ಬಂದಳು.

"ಅಣ್ಣಾ, ಬಲಗಾಲಿಂದು ಕಚ್ಚುತ್ತೆ. ಇದನ್ನ ಕೂಗಲ್ಲ. ಆ ಕಂದು ಬಣ್ಣದ್ದು ಕೊಡಿ, ನೋಡ್ತೀನಿ."

ಯಜಮಾನ ಕಣ್ಣುಕಣ್ಣು ಬಿಟ್ಟ. ಆದರೆ ಸಂಜೆಯೊಳಗೆ ಕಂದು ಬಣ್ಣದ್ದೆಲ್ಲ ಖಾಲಿ. ಆಮೇಲೆ ಇಡೀ ಬೀದಿಗೆ ಇವಳ ಚಾಳಿ ರೂಢಿಯಾಯಿತು. ಛತ್ರಿಯನ್ನು ನಲ್ಲಿಯ ಕೆಳಗೆ ಹಿಡಿದು ನೋಡುವಳು. ಶಾಲೆ ಚೀಲಕ್ಕೆ ಇಟ್ಟಿಗೆ ತುಂಬಿ ಎತ್ತುವಳು. "ನೀನು ಕೂಗೋಕೆ ಬಂದವಳೋ, ತನಿಖೆಗೆ ಬಂದವಳೋ?" ಎಂದು ಅಂಗಡಿಯವರು ನಗುತ್ತಿದ್ದರು, ನಗುತ್ತಲೇ ಕೆಲಸಕ್ಕೂ ಕರೆಯುತ್ತಿದ್ದರು. ಹೀಗೆ ಇಪ್ಪತ್ತು ವರ್ಷ.

ಅವಳಿಗೆ ನಲವತ್ತೆರಡಾದಾಗ ಬೀದಿಯ ಮೂಲೆಯಲ್ಲಿ ಮೂರಂತಸ್ತಿನ ಹಾಸಿಗೆ ಮಳಿಗೆ ಎದ್ದಿತು. ಅದರ ಮ್ಯಾನೇಜರ್, ಇಸ್ತ್ರಿಯ ಗೆರೆ ಮುರಿಯದ ಅಂಗಿಯ ತರುಣ, ಅವಳನ್ನು ಒಳಗೆ ಕೂರಿಸಿ ಒಂದು ಕಾಗದ ಕೊಟ್ಟ. ಮೇಲೆ ಅವಳ ಹುದ್ದೆ ಅಚ್ಚಾಗಿತ್ತು: ಹೈಪ್ ಲೀಡರ್. ಕೆಳಗೆ ಕೂಗಬೇಕಾದ ಸಾಲು: ಏಳೇ ದಿನದಲ್ಲಿ ಬೆನ್ನುನೋವು ಮಾಯ!

"ಸಾರ್, ಹೈಪ್ ಅಂದ್ರೆ ಏನು?"

"ಜೋಶ್, ಮೇಡಂ. ಜನ ಹುಚ್ಚೆದ್ದು ಬರೋ ಹಾಗೆ ಮಾಡೋದು."

"ಬೆನ್ನುನೋವು ಮಾಯ ಆಗೋದು ನಿಜಾನಾ?"

"ಹೈಪಲ್ಲಿ ನಿಜ ಸುಳ್ಳು ಅಂತ ಬರಲ್ಲ ಮೇಡಂ. ಎಲ್ಲಾ ಕಂಪನೀನೂ ಮಾಡುತ್ತೆ."

"ಹಾಗಾದ್ರೆ ಒಂದು ಹಾಸಿಗೆ ಮನೆಗೆ ಕಳಿಸಿ. ಒಂಬತ್ತು ದಿನ ಬಿಟ್ಟು ಹೇಳ್ತೀನಿ."

ಮ್ಯಾನೇಜರ್ ಅದನ್ನು ಉಡುಗೊರೆ ಕೇಳುವ ಜಾಣತನ ಎಂದುಕೊಂಡು, ಕೆಲಸದ ಕಾಗದಕ್ಕೆ ಅವಳ ಸಹಿ ಹಾಕಿಸಿಕೊಂಡು, ಕಣ್ಣು ಮಿಟುಕಿಸಿ ಕಳಿಸಿಕೊಟ್ಟ.

ಕಂಚಿನಕ್ಕನ ಗಂಡ ದರ್ಜಿ. ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಅವನ ಬೆನ್ನು ಕೊಕ್ಕೆಯಾಗಿತ್ತು. ಬೆಳಗ್ಗೆ ಎದ್ದರೆ ಗೋಡೆ ಹಿಡಿದುಕೊಂಡೇ ನೆಟ್ಟಗಾಗಬೇಕು. ಹೊಸ ಹಾಸಿಗೆ ಬಂದ ಮರುದಿನದಿಂದ ಅವಳು ಕಾಫಿ ಲೋಟ ಹಿಡಿದು ಮುಂದೆ ನಿಲ್ಲತೊಡಗಿದಳು.

"ರೀ, ಹೇಗಿದೆ?"

"ಮೆತ್ತಗಿದೆ."

"ಹಾಸಿಗೆ ಅಲ್ರೀ, ಬೆನ್ನು!"

"ಬೆನ್ನು ಇದ್ದ ಹಾಗೇ ಇದೆ ಕಣೇ. ನಿನಗೋಸ್ಕರ ಸುಳ್ಳು ಹೇಳಬೇಕಾದ್ರೆ ಹೇಳು, ಹೇಳ್ತೀನಿ."

ಒಂಬತ್ತನೆಯ ಬೆಳಗ್ಗೆಯೂ ಅವನು ಗೋಡೆ ಹಿಡಿದೇ ಎದ್ದ. ಅಂದು ಅವಳು ಸೀದಾ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದಳು. ಬಾಗಿಲಲ್ಲಿ 'ನಿಶ್ಶಬ್ದ' ಎಂಬ ಫಲಕ. ಹೈಪ್ ಅಂದರೆ ಏನೆಂದು ಅವಳು ಪಿಸುಗುಟ್ಟಿ ಕೇಳಿದ್ದಕ್ಕೇ ಪತ್ರಿಕೆ ಓದುತ್ತಿದ್ದ ನಾಲ್ವರು ತಲೆ ಎತ್ತಿದರು. ಗ್ರಂಥಪಾಲಕರು, ನಿವೃತ್ತಿಯ ಅಂಚಿನಲ್ಲಿದ್ದ ದಪ್ಪ ಕನ್ನಡಕದ ಮನುಷ್ಯ, ಪದ ಕೇಳಿ ಖುಷಿಯಾದರು. ಅವರ ಬಳಿ ಬರುವವರೆಲ್ಲ ಪರೀಕ್ಷೆಯ ಪುಸ್ತಕ ಕೇಳುವವರೇ. ಒಂದು ಪದದ ಜಾತಕ ಕೇಳಿದವರು ಇವಳೊಬ್ಬಳೇ. ಮೂರು ನಿಘಂಟುಗಳನ್ನು ಮೇಜಿನ ಮೇಲೆ ಹರಡಿಕೊಂಡರು.

"ಈಗಿನ ಅರ್ಥ, ಅಬ್ಬರದ ಪ್ರಚಾರ. ಇರೋದಕ್ಕಿಂತ ದೊಡ್ಡದು ಮಾಡಿ, ಜನ ಮುಗಿಬೀಳೋ ಹಾಗೆ ಸಾರೋದು. ನೂರು ವರ್ಷದ ಹಿಂದೆ ಅಮೆರಿಕದ ಬೀದಿ ಮಾತಲ್ಲಿ ಇದರ ಅರ್ಥ ಬೇರೆ ಇತ್ತಂತೆ, ತಾಯಿ. ಚಿಲ್ಲರೆ ಕೊಡುವಾಗ ಕೈಚಳಕ ಮಾಡಿ ಕಡಿಮೆ ಕೊಡೋದು."

"ಅಂದ್ರೆ ಮೋಸ."

"ಮೋಸಾನೇ. ಇದೇ ಪದ ಇಂಜೆಕ್ಷನ್ ಸೂಜಿಗೂ ಇತ್ತು. ಹೈಪೊಡರ್ಮಿಕ್ ಅನ್ನೋ ಅದರ ಉದ್ದನೆಯ ಇಂಗ್ಲಿಷ್ ಹೆಸರನ್ನ ಬಾಲ ಕತ್ತರಿಸಿ ಹೈಪ್ ಅಂದ್ರು. ಮತ್ತಿನ ಮದ್ದು ಚುಚ್ಚಿಕೊಳ್ಳೋರಿಗೂ ಅದೇ ಹೆಸರು. ಪ್ರಚಾರದ ಪದ ಅಲ್ಲಿಂದ ಬಂತು ಅಂತ ಕೆಲವರು. ಇಲ್ಲ, ಉತ್ಪ್ರೇಕ್ಷೆ ಅನ್ನೋದಕ್ಕೆ ಗ್ರೀಕಿನಿಂದ ಬಂದ ಹೈಪರ್ಬೊಲಿ ಅನ್ನೋ ಪದ ಒಂದಿದೆ, ಅದರ ತುಂಡು ಅಂತ ಇನ್ನು ಕೆಲವರು. ಕೊನೆಗೆ ಈ ನಿಘಂಟು ಏನು ಹೇಳುತ್ತೆ ನೋಡಿ: ಮೂಲ ಖಚಿತವಿಲ್ಲ."

ಕಂಚಿನಕ್ಕ ಆ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟಳು. ಇಂಗ್ಲಿಷ್ ಅವಳಿಗೆ ಅಷ್ಟಾಗಿ ಬಾರದು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅಚ್ಚು ಹಾಕಿಸುವ ಪುಸ್ತಕವೂ ಇದೆಯಲ್ಲ ಎಂದು ಮನಸ್ಸು ತುಂಬಿ ಬಂತು.

"ಇವರಿಗೆ ಎಷ್ಟು ಧೈರ್ಯ ಸಾರ್! ಇಷ್ಟು ದಪ್ಪ ಪುಸ್ತಕ ಬರೆದು, ನಮಗೆ ಗೊತ್ತಿಲ್ಲ ಅಂತ ಒಪ್ಕೊಂಡಿದ್ದಾರೆ. ನಮ್ಮ ಮ್ಯಾನೇಜರಿಗೆ ಬೆನ್ನುನೋವು ಏಳೇ ದಿನಕ್ಕೆ ಹೋಗುತ್ತೆ ಅಂತ ಗೊತ್ತು!"

ಈ ಸಲ ಪಿಸುಗುಟ್ಟಲು ಮರೆತಿದ್ದಳು. ಪತ್ರಿಕೆ ಓದುತ್ತಿದ್ದವರು ನಕ್ಕೇಬಿಟ್ಟರು.

ಸಂಜೆ ಮ್ಯಾನೇಜರನ ಎದುರು ನಿಂತು, ಆ ಒಂದು ಸಾಲು ತನ್ನಿಂದಾಗದು ಎಂದಳು. ಅವನು ಗಡಿಯಾರ ನೋಡಿಕೊಂಡ. "ನಾಳೆ ಉದ್ಘಾಟನೆ. ಸಹಿ ಹಾಕಿದ್ದೀರಿ. ಕಾಗದದಲ್ಲಿರೋದನ್ನ ಓದಿ, ಅಷ್ಟೇ. ನಿಮ್ಮ ಅಭಿಪ್ರಾಯ ಯಾರು ಕೇಳಿದ್ರು?"

ಯಾರೂ ಕೇಳಿರಲಿಲ್ಲ, ನಿಜ. ಮರುದಿನ ಹತ್ತು ಗಂಟೆಗೆ ಮಳಿಗೆಯ ಮುಂದೆ ಕಿಕ್ಕಿರಿದು ಜನ ಸೇರಿದ್ದರು. ಮುಂದಿನ ಸಾಲಲ್ಲೇ ಸೊಂಟಕ್ಕೆ ಪಟ್ಟಿ ಬಿಗಿದ ಒಬ್ಬ ಅಜ್ಜಿ, ಮಗಳ ಹೆಗಲಿಗೆ ಆತುಕೊಂಡು ನಿಂತಿದ್ದಳು. ಕಂಚಿನಕ್ಕನಿಗೆ ಕಂಡಿದ್ದು ಆ ಪಟ್ಟಿಯೇ. ಮೈಕು ಕೈಗೆ ಬಂತು.

"ಬನ್ನಿ, ಅಕ್ಕಂದಿರೇ, ಅಣ್ಣಂದಿರೇ! ಹಾಸಿಗೆ ಚೆನ್ನಾಗಿದೆ, ನಾನೇ ನೋಡಿದ್ದೀನಿ. ಹೊಲಿಗೆ ಗಟ್ಟಿ, ನನ್ನ ಗಂಡ ದರ್ಜಿ, ಎಳೆದು ನೋಡಿದ್ದಾರೆ. ಮೆತ್ತಗಿದೆ. ಬೆನ್ನುನೋವು ಮಾತ್ರ ಇದರಿಂದ ಹೋಗಲ್ಲ! ಒಂಬತ್ತು ದಿನ ನನ್ನ ಗಂಡ ಮಲಗಿದ್ರು, ಒಂಚೂರೂ ಹೋಗಿಲ್ಲ. ಬೆನ್ನುನೋವು ಇರೋರು ಡಾಕ್ಟರ ಹತ್ತಿರ ಹೋಗಿ! ನಿದ್ದೆಗೆ ಬೇಕಾದೋರು ಒಳಗೆ ಬನ್ನಿ!"

ಮ್ಯಾನೇಜರ್ ಓಡಿಬಂದು ಮೈಕಿನ ತಂತಿ ಕಿತ್ತ. ಜನಕ್ಕೆ ತಂತಿ ಕಿತ್ತದ್ದು ಗೊತ್ತೇ ಆಗಲಿಲ್ಲ. ಅದೇ ದನಿ, ಬೀದಿಯ ಆ ತುದಿಯವರೆಗೆ, ಅದೇ ಮಾತನ್ನು ಇನ್ನೊಮ್ಮೆ ಹೇಳಿತು. ಅವನು ಅವಳ ತೋಳು ಹಿಡಿಯಲು ಬಂದ.

"ಕೈ ತೆಗೀರಿ ಸಾರ್. ಕಾಗದ ನಿಮ್ಮದು, ಗಂಟಲು ನಂದು."

ಅವಳನ್ನು ಅಲ್ಲೇ ಕೆಲಸದಿಂದ ತೆಗೆದರು. ಗುಂಪು ಅರ್ಧಕ್ಕರ್ಧ ಕರಗಿತು. ಉಳಿದವರು ಒಳಗೆ ಹೋಗಿ ಹಾಸಿಗೆ ಒತ್ತಿ ನೋಡಿದರು, ಕೆಲವರು ಕೊಂಡರು ಕೂಡ. ಅಜ್ಜಿ ಮಗಳೊಂದಿಗೆ ಹಿಂದಿರುಗಿ ಹೋದಳು.

ವಾರದಲ್ಲಿ ಕಂಪನಿಯಿಂದ ಪತ್ರ ಬಂತು, ಲಿಖಿತ ಕ್ಷಮಾಪಣೆ ಕೊಡಬೇಕೆಂದು. ದರ್ಜಿ ಅದನ್ನು ಎರಡು ಸಲ ಓದಿದ. "ಬರೆದು ಕೊಟ್ಟುಬಿಡೇ. ದೊಡ್ಡವರ ಸಹವಾಸ ನಮಗ್ಯಾಕೆ?" ಅವಳು ಬರೆದಳು, ದುಂಡಗಿನ ಅಕ್ಷರದಲ್ಲಿ: ನಾನು ಹೇಳಿದ್ದರಲ್ಲಿ ಯಾವ ಮಾತು ಸುಳ್ಳೆಂದು ತೋರಿಸಿ. ಆ ಮಾತಿಗೆ, ಅದೇ ಬಾಗಿಲಲ್ಲಿ ನಿಂತು, ಕೂಗಿ ಕ್ಷಮೆ ಕೇಳುತ್ತೇನೆ. ಗಂಡ ಓದಿ ನಿಟ್ಟುಸಿರುಬಿಟ್ಟು, ಆಮೇಲೆ ತಾನೇ ಹೋಗಿ ಅಂಚೆಗೆ ಹಾಕಿ ಬಂದ.

ಉತ್ತರ ಬರಲಿಲ್ಲ. ಬೀದಿಯವರೂ ಅವಳನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು. ಚಪ್ಪಲಿ ಅಂಗಡಿಯ ಯಜಮಾನ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ. ಇವಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡರೆ ಯಾವಾಗ ಏನು ಕೂಗಿಬಿಡುತ್ತಾಳೋ ಎಂಬ ಅಳುಕು. ನಾಲ್ಕು ತಿಂಗಳು ಅವಳು ಮನೆಯಲ್ಲೇ ಗಂಡ ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚಿದಳು. ಆ ನಾಲ್ಕು ತಿಂಗಳಲ್ಲಿ, ಅಂದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎಂಬ ಮಾತು ಒಂದು ದಿನವೂ ಅವಳ ಬಾಯಲ್ಲಿ ಬರಲಿಲ್ಲ. ಸಿಟ್ಟು ಬಂದ ದಿನ ಸೂಜಿಗೆ ದಾರ ಪೋಣಿಸುತ್ತಾ ಗೋಡೆಗೇ ಬಯ್ಯುತ್ತಿದ್ದಳು, ಅಷ್ಟೇ.

ಹಾಸಿಗೆ ಮಳಿಗೆಯ ಫಲಕದಿಂದ ಬೆನ್ನುನೋವಿನ ಸಾಲು ಒಂದು ಬೆಳಗ್ಗೆ ಸದ್ದಿಲ್ಲದೆ ಮಾಯವಾಯಿತು. ಅದೇ ವಾರ, ಬೀದಿಗೆ ಹೊಸದಾಗಿ ಬಂದಿದ್ದ ಪ್ರೆಷರ್ ಕುಕ್ಕರ್ ಅಂಗಡಿಯ ಒಡತಿ ಮನೆ ಹುಡುಕಿಕೊಂಡು ಬಂದಳು.

"ನೀವು ಕೂಗಿದ್ರೆ ಜನ ನಂಬ್ತಾರಂತೆ, ಅಕ್ಕಾ."

"ನಂಬೋದು ಆಮೇಲೆ. ಕುಕ್ಕರ್ ತಂದಿದ್ದೀರಾ?"

ಒಡತಿ ತಂದಿದ್ದಳು. ಕಂಚಿನಕ್ಕ ಮುಚ್ಚಳ ತೆಗೆದು, ಒಳಗಿನ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿ, ನೀರು ತುಂಬಿಸಲು ಒಳಗೆ ನಡೆದಳು.