ಎಡಗೈಯ ಬಳೆಗಳು

ಗಿಟಾರ್ ಕಲಿಸುವ ಪುಸ್ತಕಗಳನ್ನು ಆಮೇಲಿನ ವರ್ಷಗಳಲ್ಲಿ ನಾನು ಕೆಲವು ನೋಡಿದ್ದೇನೆ. ಬೆರಳು ಹೇಗೆ ಬಾಗಬೇಕು, ಹೆಬ್ಬೆರಳು ಎಲ್ಲಿರಬೇಕು, ಉಗುರು ಎಷ್ಟು ಕತ್ತರಿಸಬೇಕು, ಎಲ್ಲ ಬರೆದಿರುತ್ತಾರೆ. ಬಳೆಯ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಬರೆದವರು ಗಂಡಸರೇ ಇರಬೇಕು, ಅದೂ ಕೈತುಂಬ ಹಸಿರು ಗಾಜಿನ ಬಳೆ ತೊಟ್ಟ ಹೆಂಡತಿಗೆ ಗಿಟಾರ್ ಕೊಟ್ಟು ನೋಡದ ಗಂಡಸರು. ನನ್ನ ಮಟ್ಟಿಗೆ ಆ ವಿದ್ಯೆ ಇನ್ನೇನು ಮುಗಿದೇಹೋಯಿತು ಅನ್ನಿಸಿದ್ದೂ ಬಳೆಯಿಂದ, ಮತ್ತೆ ಕೈ ಹಿಡಿದದ್ದೂ ಬಳೆಯಿಂದಲೇ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನ್ನ ತವರು ದೇವದುರ್ಗ. ಮದುವೆಯಾಗಿ ರಾಯಚೂರಿಗೆ ಬಂದಿದ್ದೆ. ಮನೆಯಲ್ಲಿ ಇದ್ದವರು ನಾವಿಬ್ಬರು ಮತ್ತು ಅತ್ತೆ. ಮಾವ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು, ನಾನು ಆ ಮನೆಗೆ ಕಾಲಿಡುವ ಮೊದಲೇ ತೀರಿಹೋಗಿದ್ದರು. ನಮ್ಮ ಮನೆಯವರಿಗೆ ಕಾಲುವೆ ಕೆಲಸ ನೋಡಿಕೊಳ್ಳುವ ನೌಕರಿ. ವಾರದಲ್ಲಿ ಹೆಚ್ಚಿನ ದಿನ ಮಾನ್ವಿ ಕಡೆಯ ಕ್ಯಾಂಪಿನಲ್ಲೇ ಇರುತ್ತಿದ್ದರು.

ಗಿಟಾರ್ ತಂದವರು ಅವರೇ. ವರ್ಗವಾಗಿ ಹೊರಟಿದ್ದ ರೈಲ್ವೆಯವರ ಮನೆಯಲ್ಲಿ ಸಾಮಾನು ಮಾರುತ್ತಿದ್ದಾರೆಂದು ಕೇಳಿ ಮಂಚ ನೋಡಲು ಹೋದರು, ಗಿಟಾರ್ ಹಿಡಿದುಕೊಂಡು ಬಂದರು. ನಾಲ್ಕಾರು ಸಂಜೆ ಟಿಂಗ್ ಟಿಂಗ್ ಅನ್ನಿಸಿದರು. ಬೆರಳ ತುದಿ ಉರಿಯತೊಡಗಿದ ಮೇಲೆ ಪಡಸಾಲೆಯ ಮೊಳೆಗೆ ತೂಗುಹಾಕಿ ಕೈತೊಳೆದುಕೊಂಡರು. ಮಂಚ ಬರಲೇ ಇಲ್ಲ, ನಾವು ಚಾಪೆಯ ಮೇಲೆಯೇ ಮಲಗಿದೆವು. ಜಿನ್ನಿಂಗ್ ಗಿರಣಿಗಳಿಂದ ಹಾರಿ ಬರುವ ಹತ್ತಿಯ ನವಿರು ಆ ಊರಿನಲ್ಲಿ ಯಾವುದನ್ನೂ ಬಿಡುವುದಿಲ್ಲ. ಅದನ್ನು ಒರೆಸಲೆಂದು ಒಂದು ದಿನ ಗಿಟಾರ್ ಕೆಳಗಿಳಿಸಿದೆ. ಬಟ್ಟೆ ತಗುಲಿ ಒಂದು ತಂತಿ ನುಡಿಯಿತು. ಮತ್ತೆ ಅದನ್ನು ಮೊಳೆಗೆ ಹಾಕುವ ಮನಸ್ಸಾಗಲಿಲ್ಲ.

ಸ್ಟೇಷನ್ ಹತ್ತಿರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬ ಹಾಡಿನ ಟೀಚರ್ ಇದ್ದರು. ಮಕ್ಕಳ ಶಾಲೆಯೊಂದರಲ್ಲಿ ಗಿಟಾರ್ ನುಡಿಸುತ್ತ ಹಾಡು ಹೇಳಿಕೊಡುವವರು. ಅವರ ಕನ್ನಡದಲ್ಲಿ ಅರ್ಧ ತೆಲುಗು, ಸಿಟ್ಟು ಬಂದರೆ ಪೂರ್ತಿ ತೆಲುಗು. ಶನಿವಾರ ಮಧ್ಯಾಹ್ನ ಬಾ ಎಂದರು. ಫೀಸು ಕೇಳಿದರೆ ಶೇಂಗಾ ಚಟ್ನಿ ತಂದುಕೊಡು ಸಾಕು ಎಂದರು.

ಗಿಟಾರಿನ ಕೊರಳಿನ ಮೇಲೆ ಅಡ್ಡಡ್ಡ ಹಿತ್ತಾಳೆ ಗೆರೆಗಳಿರುತ್ತವೆ. ಎರಡು ಗೆರೆಗಳ ನಡುವಿನ ಜಾಗಕ್ಕೆ ಅವರು ಮನೆ ಎನ್ನುತ್ತಿದ್ದರು. ಒಂದು ಬೆರಳಿಗೆ ಒಂದು ಮನೆ, ಯಾರೂ ಇನ್ನೊಬ್ಬರ ಮನೆಗೆ ನುಗ್ಗಬಾರದು, ಇದು ಅವರ ಮೊದಲ ಪಾಠ. ನನ್ನ ತೋರುಬೆರಳು ವಿಧೇಯ. ನಡುಬೆರಳು ಪರವಾಗಿಲ್ಲ. ಉಂಗುರದ ಬೆರಳು ಎದ್ದರೆ ಕಿರುಬೆರಳೂ ಅದರ ಬಾಲ ಹಿಡಿದು ಏಳುತ್ತಿತ್ತು. ತಲೆಯ ಕಡೆಯ ಮನೆಗಳು ಅಗಲ, ಅಲ್ಲಿಂದ ಶುರು ಮಾಡಿದರೆ ಕೈ ಕೆಡುತ್ತದೆ, ಕೊರಳಿನ ನಡುವಿನ ಸಣ್ಣ ಮನೆಗಳಿಂದ ಶುರು ಮಾಡು, ಕೈ ಒಗ್ಗಿದ ಹಾಗೆ ಒಂದೊಂದೇ ಮನೆ ಹಿಂದಕ್ಕೆ ಸರಿ ಎಂದರು. ಬೆರಳನ್ನು ತಂತಿಯಿಂದ ಮಾರು ದೂರ ಎತ್ತಬೇಡ. ಒತ್ತುವುದು ಬೇರೆ, ಹಿಸುಕುವುದು ಬೇರೆ. ನೋವಾದರೆ ನಿಲ್ಲಿಸು, ಹಟ ಹಿಡಿಯಬೇಡ. ಜೋಳದ ರೊಟ್ಟಿ ಬಡಿದು ಬೆಳೆದ ನನ್ನ ಕೈಗೆ ಬಲಕ್ಕೇನೂ ಕೊರತೆಯಿರಲಿಲ್ಲ. ಬಲ ಬೇಕಾಗಿಯೇ ಇಲ್ಲ ಅನ್ನುವುದನ್ನು ನಂಬಲು ಅದಕ್ಕೆ ತಿಂಗಳುಗಳೇ ಬೇಕಾದವು.

ನನ್ನನ್ನು ಅಳಿಸಿದ್ದು ಮಾತ್ರ ಒಂದು ಹಿಡಿತ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ, ಉಳಿದ ಮೂರು ಬೆರಳು ಮುಂದಕ್ಕೆ ಚಾಚಿ ಹಿಡಿಯಬೇಕು. ಮಕ್ಕಳ ಹಾಡುಗಳಲ್ಲಿ ಅರ್ಧಕ್ಕರ್ಧ ಅದಿಲ್ಲದೆ ನಡೆಯುವುದಿಲ್ಲ. ನಾನು ಹಿಡಿದರೆ ಎರಡು ತಂತಿ ನುಡಿಯುತ್ತಿದ್ದವು, ನಾಲ್ಕು ಸತ್ತು ಬಿದ್ದಿರುತ್ತಿದ್ದವು. ಅಷ್ಟರಲ್ಲಿ ಟೀಚರ ಗಂಡನಿಗೆ ವರ್ಗವಾಗುವ ಸುದ್ದಿ ಬಂತು. ಶಾಲೆಯ ವಾರ್ಷಿಕೋತ್ಸವ ಮುಗಿಸಿಕೊಂಡು ಹೊರಡುತ್ತೇವೆ, ಆ ದಿನ ಮಕ್ಕಳ ಹಾಡಿಗೆ ನೀನು ನುಡಿಸು, ಚೆನ್ನಾಗಿ ಬಂದರೆ ನನ್ನ ಜಾಗಕ್ಕೆ ನಿನ್ನನ್ನೇ ತೆಗೆದುಕೊಳ್ಳಿ ಎಂದು ಹೇಳಿ ಹೋಗುತ್ತೇನೆ ಎಂದರು. ಅವರು ಹೋದರೆ ಊರಿನಲ್ಲಿ ನನಗೆ ಕಲಿಸುವವರು ಇನ್ನೊಬ್ಬರಿರಲಿಲ್ಲ. ನನ್ನ ಕೈ ತೆರೆದರೆ ಗಿಟಾರ್ ನನ್ನದು, ಇಲ್ಲದಿದ್ದರೆ ಮೊಳೆಯದು. ಮದುವೆಯನ್ನೂ ಸೇರಿಸಿ, ಅಲ್ಲಿಯ ತನಕ ನಾನಾಗಿ ಬೇಕೆಂದು ಬಯಸಿದ್ದು ಏನೂ ಇರಲಿಲ್ಲ. ಅದೊಂದು ಬೇಕಾಗಿತ್ತು.

ಕೈ ತೆರೆಯಲಿಲ್ಲ. ಮಣಿಕಟ್ಟು ಬಾಗಿಸಿದರೆ ಬಳೆಗಳು ಗಿಟಾರಿಗೆ ಬಡಿದು ಗಲಗಲ ಅನ್ನುತ್ತಿದ್ದವು. ಅದಕ್ಕೆ ನಾನೇ ಒಂದು ಉಪಾಯ ಮಾಡಿದ್ದೆ. ಬಳೆಗಳನ್ನೆಲ್ಲ ಮೊಣಕೈ ಕಡೆಗೆ ಬಿಗಿಯಾಗಿ ಸರಿಸಿ, ಮೇಲೆ ಕರವಸ್ತ್ರ ಕಟ್ಟಿ, ಸೆರಗು ಹೊದ್ದು ಕೂರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತಿದ್ದವು. ನನ್ನ ಬೆರಳೇ ಗಿಡ್ಡ, ಹಣೆಬರಹವೇ ಇಷ್ಟು ಎಂದುಕೊಂಡೆ. ಒಂದು ಶನಿವಾರ ಸೆರಗು ಜಾರಿ ಟೀಚರ್ ಆ ಕಟ್ಟು ನೋಡಿದರು. ಕರವಸ್ತ್ರ ಬಿಚ್ಚಿದರೆ ಚರ್ಮದಲ್ಲಿ ಬಳೆಯ ಅಚ್ಚು ಸಾಲಾಗಿ ಕೆಂಪಗೆ ಮೂಡಿತ್ತು. ಬೆರಳನ್ನು ಆಡಿಸುವ ನರಗಳೆಲ್ಲ ಇಲ್ಲೇ ಇವೆ, ಇಲ್ಲೇ ಹಗ್ಗ ಕಟ್ಟಿ ಬೆರಳು ಚಾಚಲಿಲ್ಲ ಅಂದರೆ ಹೇಗೆ ಎಂದು ಪೂರ್ತಿ ತೆಲುಗಿನಲ್ಲಿ ಬೈದರು. ಬಳೆ ತೆಗೆದಿಟ್ಟು ಬಾ, ಇಲ್ಲದಿದ್ದರೆ ಬರಬೇಡ ಎಂದರು.

ಅವರಿಗೆ ಸುಲಭ, ಅವರ ಕೈಯಲ್ಲಿ ಗಡಿಯಾರವಿತ್ತು. ನಮ್ಮಲ್ಲಿ ಬಳೆಗಾರನೂ ಹೊಸದೊಂದು ಬಳೆ ಏರಿಸದೆ ಹಳೆಯವನ್ನು ಇಳಿಸುವುದಿಲ್ಲ. ಗಂಡ ಕಾಲುವೆ ದಂಡೆಯ ಮೇಲಿರುವಾಗ ಹೆಂಡತಿಯ ಒಂದು ಕೈ ಬರಿದಾಗಿದೆ ಎಂದರೆ ಓಣಿಯವರು ಸುಮ್ಮನಿರುತ್ತಾರೆಯೆ? ಓಣಿಯ ಮಾತು ಬಿಡಿ, ನನಗೇ ಹೆದರಿಕೆಯಿತ್ತು. ಮನೆಗೆ ಬಂದು ಗಿಟಾರನ್ನು ಗೋಡೆಗೊರಗಿಸಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಅತ್ತೆ ನನ್ನ ಕೈ ಹಿಡಿದು ಆ ಅಚ್ಚುಗಳನ್ನು ನೋಡಿದರು. ಹಣೆಗೆ ವಿಭೂತಿ, ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದವರು. ಮಾತು ಕಡಿಮೆ. ಮರುದಿನ ಬಳೆಗಾರನನ್ನು ಕರೆಸಿ, ನನ್ನ ಎಡಗೈಗೆ ಒಂದು ಅಳತೆ ದೊಡ್ಡ ಬಳೆಗಳನ್ನು ಇಡಿಸಿದರು. ಮಧ್ಯಾಹ್ನ ಬಾಗಿಲಿಗೆ ಅಗಳಿ ಹಾಕಿ, ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ತಂದು ನನ್ನೆದುರು ಕೂತರು. ಎಣ್ಣೆ ಹಚ್ಚಿ ಅಂಗೈ, ಬೆರಳ ಸಂದು, ಹೆಬ್ಬೆರಳ ಬುಡ ಎಲ್ಲ ತಿಕ್ಕಿ, ಕೈಯನ್ನು ಮಡಿಚಿ ಬಳೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ತೆಗೆದ ಬಳೆ ನೆಲಕ್ಕಿಡುವ ಹಾಗಿಲ್ಲ. ನಾನು ತಟ್ಟೆ ತರಲೆಂದು ಎದ್ದೆ. ತಿರುಗಿ ನೋಡುವಷ್ಟರಲ್ಲಿ ಅವರು ಅವನ್ನು ತಮ್ಮ ಕೈಗೆ ಏರಿಸಿಕೊಳ್ಳುತ್ತಿದ್ದರು.

ಮಾವ ತೀರಿಕೊಂಡಂದಿನಿಂದ ಆ ಕೈಗಳು ಬರಿದಾಗಿಯೇ ಇದ್ದವು.

"ಬಳಿ ಕೈ ಬಿಟ್ಟು ಇರಬಾರ್ದು ಅಂತಾರ. ಯಾರ ಕೈ ಅಂತ ಯಾರೂ ಹೇಳಿಲ್ಲ," ಅಂದರು ಅತ್ತೆ.

"ಅತ್ತೀ, ಯಾರಾರ ನೋಡಿದ್ರ?"

"ಬಳಿ ನಿನ್ನವ. ಕೈ ಅಷ್ಟ ನಂದು. ನೀ ಬಾರ್ಸು."

ಮೊದಲ ದಿನ ಬಾರಿಸಲಾಗಲಿಲ್ಲ, ಎಣ್ಣೆಗೈ ತಂತಿಯ ಮೇಲೆ ಜಾರಿ ಜಾರಿ ಹೋಗುತ್ತಿತ್ತು. ಇಬ್ಬರೂ ನಕ್ಕೆವು. ಮರುದಿನದಿಂದ ಎಣ್ಣೆಯ ಹಿಂದೆಯೇ ಕಡಲೆಹಿಟ್ಟೂ ಬಂತು. ಬಳೆ ಇಳಿಸಲೆಂದು ತಿಕ್ಕಿದ ಕೈ ಬೆಚ್ಚಗಾಗಿ ಸಡಿಲವಾಗಿರುತ್ತಿತ್ತು. ನುಡಿಸುವ ಮೊದಲು ಬೆರಳುಗಳನ್ನು ಹೀಗೇ ಬೆಚ್ಚಗೆ ಮಾಡಿಕೊಳ್ಳಬೇಕು ಎಂದು ಟೀಚರ್ ಹೇಳಿದ್ದು ನನಗೆ ಆಗ ನೆನಪಾಯಿತು. ಮೊಣಕೈ ತನಕ ಹಗುರಾದ ಆ ಕೈಯನ್ನು ನಾನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಬೆರಳು ಗಿಡ್ಡವಿರಲಿಲ್ಲ.

ದಿನಾ ಮಧ್ಯಾಹ್ನ ಊಟ, ಪಾತ್ರೆ ಎಲ್ಲ ಮುಗಿದ ಮೇಲೆ ಅದು ನಮ್ಮಿಬ್ಬರ ಹೊತ್ತು. ಶನಿವಾರ ಮಾತ್ರ ಆ ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಟೀಚರ್ ಮನೆಗೆ ಹೋಗಿಬರುತ್ತಿದ್ದೆ. ನಾನು ಸಣ್ಣ ಮನೆಗಳಿಂದ ದೊಡ್ಡ ಮನೆಗಳ ಕಡೆಗೆ ಸರಿಯುತ್ತಿದ್ದೆ, ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಮೊದಮೊದಲು ಬಳೆ ಸದ್ದಾಗದಂತೆ ಎಡಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿರುತ್ತಿದ್ದರು. ಬರಬರುತ್ತ ಅದನ್ನು ಬಿಟ್ಟರು. ಮೊರ ಕೇರಿದ ಹಾಗೆ ಬಳೆ ಗಲ್ ಗಲ್ ಅನ್ನುತ್ತಿತ್ತು, ನಾನು ಅದಕ್ಕೆ ಸರಿಯಾಗಿ ಬೆರಳು ಇಡುತ್ತಿದ್ದೆ.

ಒಂದು ದಿನ ಬಾಗಿಲು ಬಡಿದ ಸದ್ದಾಯಿತು. ಹಾಲಿನವಳೆಂದುಕೊಂಡು ಅತ್ತೆ ಮೊರ ಬದಿಗಿಟ್ಟು ಹೋಗಿ ಅಗಳಿ ತೆಗೆದರು. ಬಂದಿದ್ದವರು ಮಾವನ ಅಕ್ಕ, ಮಾನ್ವಿಯವರು. ನೀರಮಾನ್ವಿಯ ಯಲ್ಲಮ್ಮನ ಗುಡಿಗೆ ಹೋಗಿ ನನಗೆಂದು ಭಂಡಾರದ ಅರಿಸಿನ ತಂದಿದ್ದರು. ಅವರ ಕಣ್ಣು ಅತ್ತೆಯ ಕೈಮೇಲೆ ನಿಂತಿತು. ಆಗಲೇ ಅತ್ತೆಗೂ ನೆನಪಾದದ್ದು. ಕೈ ಹಿಂದಕ್ಕೆ ತೆಗೆದುಕೊಳ್ಳಲು ಹೋದವರು, ಯಾಕೋ ತೆಗೆದುಕೊಳ್ಳಲಿಲ್ಲ.

"ನನ್ನ ತಮ್ಮನ್ನ ಇಷ್ಟು ಲಗೂನ ಮರ್ತಿ ಏನು?" ಎಂದು ಕೇಳಿದರು ಬಂದವರು.

ನಾನೇ ಗಿಟಾರ್ ಹಿಡಿದುಕೊಂಡು ಹೋಗಿ ತೊದಲುತ್ತ ಎಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಹೊಸ್ತಿಲು ದಾಟಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ, ಭಂಡಾರದ ಪೊಟ್ಟಣ ಕಟ್ಟೆಯ ಮೇಲಿಟ್ಟು ಬಂದ ದಾರಿಯಲ್ಲೇ ಬಸ್ ಸ್ಟ್ಯಾಂಡಿಗೆ ಹೋದರು.

ಮಾತು ಬಸ್ಸಿಗಿಂತ ಬೇಗ ಓಡಾಡಿತು. ದೀಪಾವಳಿಗೆ ದೇವದುರ್ಗಕ್ಕೆ ಹೋದರೆ ಅದು ನನಗಿಂತ ಮೊದಲೇ ಅಲ್ಲಿ ಬಂದು ಕೂತಿತ್ತು. ಮುದುಕಿಗೆ ಈ ವಯಸ್ಸಿನಲ್ಲಿ ಬಳೆಯ ಹುಚ್ಚು ಎಂದು ಕವಿತಾಳದ ನೆಂಟರು ಆಡಿಕೊಂಡರಂತೆ. ಆ ಮರದ ಡಬ್ಬಿ ಬಿಟ್ಟರೆ ನಿನ್ನ ಗಂಟೇನು ಹೋಗುತ್ತದೆ, ಅವರ ಮಾನ ಉಳಿಯಲಿ ಎಂದಳು ನಮ್ಮವ್ವ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ರಾಯಚೂರಿಗೆ ಹಿಂತಿರುಗಿದವಳೇ ಗಿಟಾರನ್ನು ಮೊಳೆಗೆ ಹಾಕಿದೆ. ಮಧ್ಯಾಹ್ನ ಎಣ್ಣೆಯ ಬಟ್ಟಲು ಹಿಡಿದು ಬಂದ ಅತ್ತೆ ಗೋಡೆ ನೋಡಿದರು, ನನ್ನನ್ನು ನೋಡಿದರು. ನಿಮ್ಮನ್ನು ಯಾರೂ ಏನೂ ಅನ್ನುವುದು ಬೇಡ, ಇಲ್ಲಿಗೆ ಸಾಕು ಎಂದೆ.

"ನಾ ಅನಿಸ್ಕೊಂಡದ್ದು ಸುಮ್ನ ಹೋಗ್ಬೇಕೇನು?" ಅಂದರು. "ಇಳಸು ಅದನ್ನ."

ಇಳಿಸಿದೆ. ಆ ವಾರ ಕ್ಯಾಂಪಿನಿಂದ ಬಂದ ನಮ್ಮ ಮನೆಯವರಿಗೂ ಮಾನ್ವಿಯಲ್ಲಿ ಎಲ್ಲ ಗೊತ್ತಾಗಿತ್ತು. ತಾಯಿಯನ್ನು ಒಂದು ಮಾತೂ ಕೇಳಲಿಲ್ಲ. ಕೈಕಾಲು ತೊಳೆದು ಬಂದು ಇಕ್ಕಳ ಹುಡುಕಿ ಆ ಮೊಳೆಯನ್ನೇ ಕಿತ್ತುಹಾಕಿದರು. ಅವರು ಆಡಿದ ಮಾತುಗಳಲ್ಲಿ ಎಷ್ಟೋ ನನಗೆ ಮರೆತಿವೆ, ಗೋಡೆಯಲ್ಲಿ ಉಳಿದ ಆ ತೂತು ಮರೆತಿಲ್ಲ.

ಸಂಕ್ರಾಂತಿಯ ಹೊತ್ತಿಗೆ ನನ್ನ ಕಿರುಬೆರಳು ತನ್ನ ಮನೆಯಲ್ಲಿ ತಾನು ಇರುವುದನ್ನು ಕಲಿತಿತ್ತು. ಒಂದು ಮಧ್ಯಾಹ್ನ ಆ ಹಿಡಿತ ಹಿಡಿದು ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಮೀಟಿದೆ. ಆರೂ ನುಡಿದವು. ನಂಬಿಕೆಯಾಗದೆ ಮತ್ತೊಮ್ಮೆ ಮೀಟಿದೆ. ಅತ್ತೆಯ ಮೊರ ನಿಂತಿತು. ಇವತ್ತು ಒಂದೂ ಸಾಯಲಿಲ್ಲ ನೋಡು ಎಂದು ಹೇಳಿ ಮತ್ತೆ ಅಕ್ಕಿ ಕೇರತೊಡಗಿದರು. ನಾನು ಗಿಟಾರಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟೆ, ಈ ಸಲ ಖುಷಿಗೆ.

ವಾರ್ಷಿಕೋತ್ಸವದ ಸಂಜೆ ಶಾಲೆಯ ಅಂಗಳದಲ್ಲಿ ಮಕ್ಕಳ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಎಡಗೈ ಬರಿದು. ಹಿಂದಿನ ಸಾಲಿನಲ್ಲಿ ಅತ್ತೆ ಸೆರಗನ್ನು ಮುಂಗೈ ತನಕ ಹೊದ್ದು ಕೂತಿದ್ದರು. ಸೆರಗಿನೊಳಗೆ ಏನಿದೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಎಲ್ಲ ಹಾಡುಗಳಿಗೂ ನುಡಿಸಿದೆ. ಒಂದು ಕಡೆ ತಪ್ಪಿದೆ, ಮಕ್ಕಳು ಗಟ್ಟಿಯಾಗಿ ಹಾಡಿ ಮುಚ್ಚಿಹಾಕಿದರು. ಟೀಚರ್ ನನ್ನನ್ನು ದೊಡ್ಡ ಟೀಚರ ಹತ್ತಿರ ಕರೆದುಕೊಂಡು ಹೋಗಿ ಹೇಳಬೇಕಾದದ್ದು ಹೇಳಿದರು. ಎಂಬತ್ತರ ದಶಕವಿಡೀ ನಾನು ಆ ಶಾಲೆಯ ಹಾಡಿನ ಟೀಚರ್ ಆಗಿದ್ದೆ. ಪುಟ್ಟ ಪುಟ್ಟ ಕೈಗಳಿಗೆ ಒಂದು ಬೆರಳಿಗೆ ಒಂದು ಮನೆ ಎಂದು ಕಲಿಸಿದೆ. ನನ್ನ ಅನ್ನ, ನನ್ನ ಹೆಸರು, ನನ್ನ ಸಂತೋಷ ಎಲ್ಲ ಆ ಮಧ್ಯಾಹ್ನಗಳಿಂದ ಬಂದದ್ದು. ಅತ್ತೆಗೆ ಇದನ್ನು ಬಾಯಿಬಿಟ್ಟು ಹೇಳಿದ್ದೇನೆ, ಒಂದು ಸಲವಲ್ಲ, ಅವರಿಗೆ ಬೇಸರವಾಗುವಷ್ಟು ಸಲ.

ಆ ಸಂಜೆ ಜನ ಚದುರಿದ ಮೇಲೆ, ಶಾಲೆಯ ಬೇವಿನ ಮರದ ಹಿಂದೆ ನಿಂತು ಅತ್ತೆ ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಏರಿಸಿದರು. ಅವರ ಮೈಯ ಬಿಸಿ ಇನ್ನೂ ಗಾಜಿನಲ್ಲಿತ್ತು. ಕೊನೆಯ ಬಳೆ ತೆಗೆಯುವಾಗ ಕೈ ನಿಂತಿತು. ಅದನ್ನು ಮಣಿಕಟ್ಟಿನ ಸುತ್ತ ಮೆಲ್ಲಗೆ ತಿರುಗಿಸುತ್ತ, ನನ್ನ ಮುಖ ನೋಡದೆ ಹೇಳಿದರು.

"ಇದೊಂದು ನಾಳಿ ತನಕ ಇರ್ಲೇನು?"

ಇರಲಿ ಅತ್ತೀ ಎಂದೆ. ನಾನು ಗಿಟಾರ್ ಎತ್ತಿಕೊಂಡೆ. ಇಬ್ಬರೂ ಸ್ಟೇಷನ್ ರಸ್ತೆಯಲ್ಲಿ ಮನೆಗೆ ನಡೆದೆವು. ಅತ್ತೆ ದಾರಿಯುದ್ದಕ್ಕೂ ಎಡಗೈಯನ್ನು ಸೆರಗಿನಿಂದ ಹೊರಗೇ ಇಟ್ಟುಕೊಂಡಿದ್ದರು.